ಬೀಗದ ಮೇಷ್ಟ್ರ ಗಾಜಿನ ಬೀರು

ನಮ್ಮಕ್ಕನ ಕೈಯಲ್ಲಿ ಗಾಜು ನಿಲ್ಲೋದಿಲ್ಲ ಅಂತ ಮೊದಲು ಕಂಡುಹಿಡಿದ ಪುಣ್ಯಾತ್ಮ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆ ಮಹಾನುಭಾವರು ಜೀವಮಾನದಲ್ಲಿ ಕಂಡುಹಿಡಿದದ್ದು ಅದೊಂದೇ, ಅದೂ ತಪ್ಪು.

ಮಕ್ಕಳೆಲ್ಲ ಅವರನ್ನು ಬೀಗದ ಮೇಷ್ಟ್ರು ಅಂತಿದ್ದೆವು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವರು ವರಾಂಡದ ತಿರುವು ದಾಟೋ ಮೊದಲೇ ಅದರ ಸದ್ದು ಕ್ಲಾಸಿಗೆ ಬಂದು ಕೂತಿರುತ್ತಿತ್ತು. ಲ್ಯಾಬಿನಲ್ಲಿ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಬೀರು. ಅದರೊಳಗೆ ಪ್ರನಾಳ, ಬೀಕರು, ಫ್ಲಾಸ್ಕು, ಕೆಳಗಡೆ ಪುಟ್ಟ ನಲ್ಲಿ ಇರೋ ಉದ್ದನೆಯ ಬ್ಯುರೆಟ್ಟುಗಳು, ಎಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಕೆಲವಕ್ಕೆ ಕಂಪನಿಯವರು ಸುತ್ತಿ ಕಳಿಸಿದ ಕಾಗದವನ್ನೂ ಬಿಚ್ಚಿರಲಿಲ್ಲ. ಶನಿವಾರ ಶನಿವಾರ ಮೇಷ್ಟ್ರು ಹಳದಿ ಬಟ್ಟೆ ಹಿಡಕೊಂಡು ಒಂದೊಂದನ್ನೂ ಒರೆಸೋರು. ಹೆತ್ತ ಮಕ್ಕಳ ಮುಖವನ್ನೂ ಅಷ್ಟು ಪ್ರೀತಿಯಿಂದ ಒರೆಸಿರಲಿಕ್ಕಿಲ್ಲ ಬಿಡಿ.

ಪ್ರಾಕ್ಟಿಕಲ್ ಕ್ಲಾಸು ಅಂದರೆ ಏನು ಅಂದುಕೊಂಡಿರಿ? ಬೀರುವಿನ ಮುಂದೆ ನಿಂತು ಕೋಲಿನಿಂದ ತೋರಿಸೋರು. "ಇದು ಬ್ಯುರೆಟ್. ನೋಡಿದ್ರಾ? ಚಿತ್ರ ಬರಕೊಳ್ಳಿ." ಮುಗೀತು. ಮುಟ್ಟೋ ಮಾತೇ ಇಲ್ಲ. ಯಾರಾದರೂ ಕೇಳಿದರೆ, "ಒಡೆದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಅಂತ ಗದರೋರು.

ಅಕ್ಕನಿಗೆ ಲ್ಯಾಬಿನ ಹುಚ್ಚು ಹತ್ತಿದ್ದು ಸ್ಕೂಲಿನಲ್ಲಲ್ಲ, ಅಮ್ಮನ ಜ್ಯೂಸ್ ಅಂಗಡಿಯಲ್ಲಿ. ಅಂಗಡಿಯ ಎದುರಿಗೇ ರಕ್ತ ಪರೀಕ್ಷೆ ಮಾಡೋ ಜಾಗ. ಅಲ್ಲಿ ಬಿಳಿ ಕೋಟು ಹಾಕಿಕೊಂಡ ಒಬ್ಬಾಕೆ ಸಣ್ಣ ಸಣ್ಣ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡೋದು ಗಾಜಿನ ಕಿಟಕಿಯಿಂದ ಕಾಣುತ್ತಿತ್ತು. ಅಕ್ಕ ಗ್ಲಾಸು ತೊಳೆಯುತ್ತಾ ಅದನ್ನೇ ನೋಡೋಳು. ಹೈಸ್ಕೂಲು ಮುಗಿದ ಮೇಲೆ ಲ್ಯಾಬ್ ಕೋರ್ಸಿಗೇ ಸೇರೋದು ಅಂತ ಮನಸ್ಸು ಮಾಡಿಬಿಟ್ಟಿದ್ದಳು. ಆ ಸೀಟು ಸಿಗಬೇಕಾದರೆ ಪ್ರಾಕ್ಟಿಕಲ್ಲಿನಲ್ಲಿ ಒಳ್ಳೆ ಅಂಕ ಬೇಕು. ಅದರಲ್ಲಿ ಅರ್ಧ ಹೊರಗಿನಿಂದ ಬರೋ ಪರೀಕ್ಷಕರದ್ದು, ಇನ್ನರ್ಧ ನಮ್ಮ ಬೀಗದ ಮೇಷ್ಟ್ರದ್ದು. ಅವಳ ಗ್ರಹಚಾರ.

ಒಂದು ದಿನ ಹೆಡ್‌ಮಾಸ್ಟರು ಲ್ಯಾಬಿನ ಕಡೆ ಬರ್ತಾರೆ ಅಂತ ಗೊತ್ತಾಗಿ ಮೇಷ್ಟ್ರು ಗಡಿಬಿಡಿಯಿಂದ ಮುಂದಿನ ಸಾಲಿನವರ ಕೈಗೆ ಒಂದೊಂದು ಪ್ರನಾಳ ಕೊಟ್ಟರು. ಅಕ್ಕ ಹಿಡಿದದ್ದು ಸರಿಯಾಗಿಯೇ. ಅಷ್ಟರಲ್ಲಿ ಹಿಂದಿನಿಂದ, ಕಿವಿಯ ಬುಡದಲ್ಲೇ, "ಜೋಪಾನ!" ಅಂತ ಗುಡುಗಿದರು. ಅವಳು ಬೆಚ್ಚಿಬಿದ್ದಳು, ಪ್ರನಾಳ ನೆಲಕ್ಕೆ ಬಿತ್ತು.

"ಫಳಾರ್!" ಅಂದರು ಮೇಷ್ಟ್ರು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಅವಳ ಹೆಸರು ಅದೇ. ಹಾಜರಿ ಕೂಗುವಾಗಲೂ "ಫಳಾರ್ ಬಂದಿದ್ದಾಳಾ?" ದೊಡ್ಡ ಹಾಸ್ಯಗಾರರು ನೋಡಿ! ಲ್ಯಾಬಿನಲ್ಲಿ ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಸಿ, "ನೀನು ಅಲ್ಲೇ ಕೂತ್ಕೋ ತಾಯಿ, ಬೀರು ಹತ್ರ ಬರಬೇಡ" ಅಂದರು. ಬೀರುವಿನೊಳಗೆ ಇದ್ದವು ಯಾರಿಗೂ ಸಿಗುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ನನಗೆ ಮೈ ಉರಿಯೋದು ಅದಕ್ಕಲ್ಲ, ಆಮೇಲೆ ಆದದ್ದಕ್ಕೆ. ಓದೋದಕ್ಕೆ ಕಲಿಯೋ ಮುಂಚಿನಿಂದ ಅಂಗಡಿಯ ಗ್ಲಾಸು ತೊಳೆದು ಅಭ್ಯಾಸವಿದ್ದ ಅಕ್ಕ ಅಂಗಡಿಯಲ್ಲೂ ಒಡೆಯೋದಕ್ಕೆ ಶುರು ಮಾಡಿದಳು. ಗ್ಲಾಸು ಕೈಗೆ ಬಂದರೆ ಸಾಕು, ಹಿಂದೆ ಯಾರೋ ನಿಂತಿದ್ದಾರೇನೋ ಅಂತ ತಿರುಗಿ ನೋಡೋಳು. ಸೋಪಿನ ನೀರಿನಲ್ಲಿ ಜಾರಿ ಒಂದು ಹೋಯ್ತು, ಗಿರಾಕಿಯ ಮುಂದೆ ಇಡುವಾಗ ಇನ್ನೊಂದು. ಅಮ್ಮ ಅವಳ ಮುಂದಿನಿಂದ ಗಾಜಿನ ಗ್ಲಾಸುಗಳನ್ನೆಲ್ಲ ಸರಿಸಿ ಸ್ಟೀಲು ಲೋಟ ಇಟ್ಟಳು. ಅಕ್ಕ ಅವುಗಳನ್ನು ತೊಳೆಯುತ್ತಾ ಅತ್ತಳು. ಮೂಗೊರೆಸೋದಕ್ಕೂ ಕೈ ಬಿಡುವಿಲ್ಲ, ಹಾಗೇ ಸೊರ ಸೊರ ಅಂತ ಅಳೋದು, ತಿಕ್ಕೋದು.

ಅಮ್ಮ ಮಾರನೇ ದಿನ ಅಂಗಡಿ ಬಾಗಿಲು ಎಳೆದು ಸ್ಕೂಲಿಗೇ ಹೋದಳು. ಮೇಷ್ಟ್ರು ಕುರ್ಚಿಯಿಂದ ಏಳಲೂ ಇಲ್ಲವಂತೆ. "ನೋಡಮ್ಮಾ, ಕೆಲವರ ಕೈಯೇ ಅಷ್ಟು. ಲ್ಯಾಬು ಗೀಬು ಅಂತ ತಲೆ ಕೆಡಿಸ್ಕೋಬೇಡಿ. ಹೊಲಿಗೆನೋ ಗಿಲಿಗೆನೋ ಕಲಿಸಿ" ಅಂದರಂತೆ.

ಅಮ್ಮ ವಾಪಸು ಬಂದಾಗ ಮುಖ ಕೆಂಡ. "ಹೊಲಿಗೆಗೆ ಕೈ ಬೇಡ್ವಂತಾ? ಏನು, ಕಾಲಲ್ಲಿ ದಾರ ಪೋಣಿಸ್ತಾರಂತಾ?" ಅಂತ ಬೈಕೊಂಡೇ ಸ್ಟೀಲು ಲೋಟಗಳನ್ನೆಲ್ಲ ಎತ್ತಿ ಅಟ್ಟದ ಮೇಲೆ ಹಾಕಿದಳು. ಗಾಜಿನ ಗ್ಲಾಸುಗಳನ್ನು ಸಿಂಕಿಗೆ ಇಳಿಸಿದಳು. "ತೊಳಿ. ಒಡೆದ್ರೆ ಒಡೀಲಿ. ಗ್ಲಾಸು ಅಂಗಡೀಲಿ ಸಿಗುತ್ತೆ, ಕೈ ಎಲ್ಲಿ ಸಿಗುತ್ತೆ?"

ಅಕ್ಕ ತೊಳೆದಳು, ಒಡೆದಳು, ಮತ್ತೆ ತೊಳೆದಳು. ಹಾಗೆ ಸ್ವಲ್ಪ ದಿನ ಆದ ಮೇಲೆ ಅವಳೇ ನನ್ನನ್ನು ಕರೆದು, "ಲೇ, ನನ್ನ ಹಿಂದೆ ನಿಂತ್ಕೊಂಡು ಅವರ ಥರ ಕೂಗು" ಅಂದಳು.

"ಯಾರ ಥರ?"

"ಇನ್ಯಾರ ಥರ? ಗೊತ್ತಿಲ್ದೋಳ ಹಾಗೆ ಆಡಬೇಡ."

ನನಗಂತೂ ಹಬ್ಬ. ಅಮ್ಮನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಟ್ಟೆ ಮುಂದೆ ಮಾಡಿ, ಸದ್ದಿಲ್ಲದೆ ಹಿಂದಿನಿಂದ ಹೋಗಿ "ಜೋಪಾನ!" ಅಂತ ಕಿರುಚೋದು. ಗಿರಾಕಿಗಳು ಜ್ಯೂಸು ಚೆಲ್ಲಿಕೊಂಡು ಬೈಯೋರು. ಮೊದಮೊದಲು ಅಕ್ಕನ ಕೈಯಿಂದ ಗ್ಲಾಸು ಹಾರಿಯೇ ಹೋಗುತ್ತಿತ್ತು. ಆಮೇಲೆ ಬರೀ ಭುಜ ಅದುರೋದು. ಕೊನೆಕೊನೆಗೆ ನಾನು ಗಂಟಲು ಹರಿಯೋ ಹಾಗೆ ಕೂಗಿದರೂ ತಿರುಗಿಯೂ ನೋಡದೆ, "ಆಯ್ತು ಮೇಷ್ಟ್ರೇ, ಆ ಕಡೆ ಟೇಬಲ್ ಒರೆಸ್ಹೋಗಿ" ಅನ್ನೋಳು.

ಪರೀಕ್ಷೆಯ ದಿನ ಬಂತು. ನಾನು ಕೆಳಗಿನ ಕ್ಲಾಸಿನವಳು, ಲ್ಯಾಬಿನ ಕಿಟಕಿಗೆ ನೇತುಬಿದ್ದು ಎಲ್ಲ ನೋಡಿದೆ. ಹೊರಗಿನಿಂದ ಬಂದ ಪರೀಕ್ಷಕಿ ತೆಳ್ಳಗಿನ ಹೆಂಗಸು, ಜೋರು ಮಾತಿಲ್ಲ. ಬೀಗದ ಮೇಷ್ಟ್ರು ವಿಧಿಯಿಲ್ಲದೆ ಬೀರು ತೆಗೆದರು. ಬ್ಯುರೆಟ್ಟುಗಳನ್ನು ಸ್ಟ್ಯಾಂಡಿಗೆ ಏರಿಸಿ ನೋಡಿದರೆ ಒಂದರ ನಲ್ಲಿಯೂ ತಿರುಗುತ್ತಿಲ್ಲ! ವರ್ಷಗಟ್ಟಲೆ ಯಾರೂ ತಿರುಗಿಸದೆ ಗಾಜಿಗೆ ಗಾಜು ಕಚ್ಚಿಕೊಂಡು ಕೂತಿತ್ತು. "ಏನಿಲ್ಲ ಮೇಡಂ, ಸ್ವಲ್ಪ ಬಿಗಿ" ಅಂತ ಮೇಷ್ಟ್ರು ಬಲ ಹಾಕಿ ತಿರುಚಿದರು. ಟಕ್ ಅಂತ ನಲ್ಲಿ ಕೈಗೇ ಬಂತು. ಬೆವರು ಒರೆಸಿಕೊಂಡು ಇನ್ನೊಂದಕ್ಕೆ ಕೈ ಹಾಕಿದರು. ಅದೂ ಗೋವಿಂದ.

ನಾನು ಕಿಟಕಿಯ ಹೊರಗಿನಿಂದ "ಫಳಾರ್" ಅಂದೆ. ಮೆಲ್ಲಗೇ ಅಂದೆ, ಆದರೂ ಒಳಗೆ ಯಾರೋ ಕಿಸಕ್ಕನೆ ನಕ್ಕರು.

"ವರ್ಷವಿಡೀ ಇದರಲ್ಲೇ ಮಾಡಿಸಿದ್ರಾ?" ಅಂತ ಪರೀಕ್ಷಕಿ ಕೇಳಿದರು.

"ಪ್ರತಿ ವಾರ ಮೇಡಂ. ಬೇಕಾದ್ರೆ ಮಕ್ಕಳನ್ನೇ ಕೇಳಿ."

ಮಕ್ಕಳಿಗೆ ಹಾಗೇ ಹೇಳಬೇಕು ಅಂತ ಮೊದಲೇ ಪಾಠ ಆಗಿತ್ತು. ಎಲ್ಲರೂ ನೆಲ ನೋಡಿದರು. ಬಾಗಿಲ ಹತ್ತಿರದ ಸ್ಟೂಲಿನಿಂದ ಅಕ್ಕ ಎದ್ದಳು. ಮೇಷ್ಟ್ರ ಕೈಯಲ್ಲಿ ತನ್ನ ಅರ್ಧ ಅಂಕ ಇದೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. "ಇಲ್ಲ ಮೇಡಂ. ನಾವು ಯಾರೂ ಮುಟ್ಟೇ ಇಲ್ಲ. ಚಿತ್ರ ಬರೆದಿದ್ದೀವಿ, ಅಷ್ಟೇ."

ಪರೀಕ್ಷಕಿ ಬಿಸಿನೀರು ತರಿಸಿ ಉಳಿದ ನಲ್ಲಿಗಳನ್ನು ನಿಧಾನವಾಗಿ ಬಿಡಿಸಿದರು. ಹೇಗೆ ಮಾಡಬೇಕು ಅಂತ ತಾವೇ ಒಂದು ಸಲ ತೋರಿಸಿ, ಆಮೇಲೆ ಪರೀಕ್ಷೆ ಮಾಡಿದರು. ಅಕ್ಕ ತುಂಬಿದ ಬ್ಯುರೆಟ್ಟು ಎತ್ತಿದಳೋ ಇಲ್ಲವೋ, ಹಿಂದಿನಿಂದ ಮೇಷ್ಟ್ರ "ಜೋಪಾನ!" ಬಂತು. ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ! ಅಕ್ಕ ಕಣ್ಣೂ ಮಿಟುಕಿಸಲಿಲ್ಲ. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಲ್ಲಿ ತಿರುಗಿಸಿದಳು.

ಪರೀಕ್ಷಕಿ ಪೂರ್ತಿ ಅಂಕ ಕೊಟ್ಟರು. ಬೀಗದ ಮೇಷ್ಟ್ರು ತಮ್ಮ ಪಾಲಿನದರಲ್ಲಿ ಭಿಕ್ಷೆ ಹಾಕಿದ ಹಾಗೆ ಚೂರು ಕೊಟ್ಟರು. ಆ ವರ್ಷ ಸೀಟು ಕೈತಪ್ಪಿತು. ಥೂ, ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ. ಅಕ್ಕ ಒಂದು ವರ್ಷ ಅಂಗಡಿಯಲ್ಲಿ ಹಣ್ಣು ಹಿಂಡಿದಳು, ಬೇರೆ ಸ್ಕೂಲಿನಿಂದ ಮತ್ತೆ ಪರೀಕ್ಷೆ ಕಟ್ಟಿದಳು, ಕೋರ್ಸಿಗೆ ಸೇರಿದಳು, ಮುಗಿಸಿದಳು. ಕೆಲವು ವರ್ಷ ಎದುರಿನ ರಕ್ತ ಪರೀಕ್ಷೆಯ ಜಾಗದಲ್ಲೇ ಕೆಲಸ ಮಾಡಿದಳು. ಆಮೇಲೆ ನಮ್ಮ ಹೈಸ್ಕೂಲಿನಲ್ಲಿ ಲ್ಯಾಬಿಗೆ ಜನ ಬೇಕಂತೆ ಅಂತ ಕೇಳಿ ಅರ್ಜಿ ಹಾಕಿದಳು. "ನಿನಗೆ ತಲೆ ಕೆಟ್ಟಿದೆಯಾ?" ಅಂತ ನಾನು ಬೈದೆ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಸೇರಿದ್ದು, ಮೇಷ್ಟ್ರು ನಿವೃತ್ತರಾದದ್ದು ಒಟ್ಟಿಗೇ. ಕೊನೇ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಲ್ಯಾಬಿಗೆ ಬಂದು ಬೀರು ತೆಗೆದು ಒಂದೊಂದನ್ನೂ ಬೆರಳಿನಿಂದ ತೋರಿಸಿದರಂತೆ. ಇವಳು ಯಾರು ಅಂತ ಗುರುತೂ ಇರಲಿಲ್ಲ ಆ ಮನುಷ್ಯನಿಗೆ. ಅವತ್ತಿನ ಫಳಾರೂ, ಪರೀಕ್ಷೆಯ ದಿನ ತಾವೇ ಮುರಿದದ್ದೂ ಮರೆತೇ ಹೋಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಮ್ಮಾ, ಇಷ್ಟು ವರ್ಷದಲ್ಲಿ ನನ್ನ ಮಕ್ಕಳ ಕೈಯಲ್ಲಿ ಒಂದೂ ಒಡೆಸಿಲ್ಲ" ಅಂದರಂತೆ.

"ಹೌದು ಸಾರ್" ಅಂದಳಂತೆ ಅಕ್ಕ. "ಒಂದೂ ಒಡೆದಿಲ್ಲ, ಒಬ್ಬರೂ ಕಲಿತಿಲ್ಲ."

ಅವರಿಗೆ ಅರ್ಥ ಆಯ್ತೋ ಇಲ್ಲವೋ, ಬೀಗದ ಕೈ ಅವಳ ಕೈಗೆ ಹಾಕಿ ಹೊರಟರು. ಅಕ್ಕ ಮಾರನೇ ದಿನವೇ ಬೀರುವಿನ ಬಾಗಿಲು ಹಾರು ಹೊಡೆದು ಮಕ್ಕಳ ಕೈಗೆ ಎಲ್ಲ ಕೊಟ್ಟಳು. ಮೊದಲ ಸಾಲಿನ ಒಬ್ಬ ಹುಡುಗಿ ಬೀಕರು ಬೀಳಿಸಿದಳು. ಆ ಹುಡುಗಿ ಅಲ್ಲೇ ಕಲ್ಲಾಗಿ ನಿಂತುಬಿಟ್ಟಳು.

ಅಕ್ಕ ಪೊರಕೆ ತಂದು ಚೂರು ಗುಡಿಸಿದಳು. ಬೀರುವಿನಿಂದ ಇನ್ನೊಂದು ಬೀಕರು ತೆಗೆದು ಅದೇ ಹುಡುಗಿಯ ಕೈಗೆ ಕೊಟ್ಟಳು. ಜೋಪಾನ ಅಂತ ಮಾತ್ರ ಹೇಳಲಿಲ್ಲ.