ನನ್ನ ತಲೆಗೆ ಬಿದ್ದ ದೀಪದ ಎಣ್ಣೆ

ಒಣ ತಲೆಗೆ ಬಾಚಣಿಗೆ ಚುಚ್ಚಿ ನೆತ್ತಿಯಿಂದ ಸರ್ರನೆ ಕೆಳಕ್ಕೆ ಎಳೆಯುವ ಹೆಂಗಸರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಂಗಾರಪೇಟೆ ಸಂತೆಯಲ್ಲಿ ನಾನು ಚುಜ್ಜಲು ಪುಡಿ ಮಾರುತ್ತೇನೆ. ಚುಜ್ಜಲು ಮರದ ಎಲೆಯನ್ನು ನೆರಳಲ್ಲಿ ಒಣಗಿಸಿ ಕುಟ್ಟಿದ ಪುಡಿ ಅದು. ತಲೆ ತೊಳೆಯಲು ಅದರಂಥದ್ದು ಇನ್ನೊಂದಿಲ್ಲ. ಹಾಗೆ ಎಳೆದು ಎಳೆದು ಕೂದಲು ಕಿತ್ತುಕೊಂಡವರೇ ನನ್ನ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಏನ್ ಆಕಿದ್ರೂ ಕೂದ್ಲು ನಿಲ್ತಿಲ್ಲ ಕಣಮ್ಮ’ ಎಂದು ಮೂಗು ಒರೆಸುತ್ತಾರೆ. ನಿಲ್ಲುವುದು ಹೇಗೆ? ದಟ್ಟ ಕೂದಲು, ಗುಂಗುರು ಕೂದಲು ಇರುವವರು ಎಣ್ಣೆ ಇಲ್ಲದೆ ಬಾಚಣಿಗೆ ಮುಟ್ಟಲೇಬಾರದು. ಮುಟ್ಟಿದರೆ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಇಷ್ಟನ್ನು ನಾನು ಬಿಟ್ಟಿಯಾಗಿ ಹೇಳುತ್ತೇನೆ. ಕೇಳುವವರು ಕಡಿಮೆ.

ನನ್ನದು ಹುಟ್ಟಿದಾಗಿನಿಂದ ಅಂಥದೇ ಕೂದಲು. ಒಂದು ಹಿಡಿಗೆ ಸಿಗದು. ಮೋಡ ಕವಿದರೆ ಸಾಕು, ಹತ್ತಿಯ ಹಾಗೆ ಉಬ್ಬಿ ಮುಖದ ಸುತ್ತ ನಿಲ್ಲುತ್ತಿತ್ತು. ನನ್ನ ತಾಯಿ ಬಂಗಾರಪೇಟೆಗೆ ಕೂಗಳತೆಯ ಹಳ್ಳಿಯವಳು. ಒಂದು ದಿನವೂ ಆ ಕೂದಲನ್ನು ಬೈದವಳಲ್ಲ. ಹರಳೆಣ್ಣೆಯನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ ಬುಡಕ್ಕೆ ಬೆರಳಲ್ಲಿ ತಿಕ್ಕಿ, ಮಿಕ್ಕದ್ದನ್ನು ತುದಿಗೆ ಸವರಿ, ಹೊಲದ ಕೆಲಸ ಮುಗಿಸಿ ಬರುವ ತನಕ ನೆನೆಯಲು ಬಿಡುತ್ತಿದ್ದಳು. ಆಮೇಲೆ ದಾಸವಾಳದ ಎಲೆ ಅರೆದ ಲೋಳೆ. ಲೋಳೆ ಇನ್ನೂ ತಲೆಯಲ್ಲಿರುವಾಗಲೇ ಸಿಕ್ಕನ್ನು ಬೆರಳಲ್ಲಿ ಬಿಡಿಸಿಬಿಡುತ್ತಿದ್ದಳು. ಚುಜ್ಜಲು ಪುಡಿ ಹಾಕಿ ತೊಳೆದ ಮೇಲೆ ಹಳೆಯ ನೂಲಿನ ಸೀರೆಯ ತುಂಡಿನಿಂದ ಒತ್ತುವುದು, ಉಜ್ಜುವುದಲ್ಲ. ಸೀಗೆಕಾಯಿ ನಮ್ಮ ಮನೆಯಲ್ಲಿ ಹಿತ್ತಾಳೆ ತಿಕ್ಕಲು ಮಾತ್ರ. ಒರಟು ಕೂದಲಿಗೆ ಸೀಗೆ ಹಾಕಿದರೆ ಇನ್ನಷ್ಟು ಒರಟಾಗುತ್ತದೆ ಎಂದು ಅವಳ ಲೆಕ್ಕ. ಸರಿಯಾದ ಲೆಕ್ಕವೇ.

ಮದುವೆಯಾಗಿ ನಾನು ಬಂದದ್ದು ಚಿನ್ನದ ಗಣಿಯ ಕೆಲಸಗಾರರು ಸಾಲಾಗಿ ಇರುವ ಲೈನ್ ಮನೆಗೆ, ಮಾರಿಕುಪ್ಪಂ ಸ್ಟೇಷನ್ನಿನ ಹತ್ತಿರ. ಗಂಡ ಕಲ್ಲು ಪುಡಿ ಮಾಡುವ ಗಿರಣಿಯಲ್ಲಿ ಕೆಲಸಕ್ಕಿದ್ದ. ಬೇಸಿಗೆಯಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದು ಮಿಕ್ಕ ಪುಡಿ ಸುರಿದ ಸೈನೈಡ್ ದಿಬ್ಬದ ಬೂದು ಧೂಳು ಲೈನಿನ ಮೇಲೆಲ್ಲ ಇಳಿದು, ಅನ್ನದಲ್ಲಿ, ಹಾಸಿಗೆಯಲ್ಲಿ, ಕೂದಲಲ್ಲಿ ಕೂರುತ್ತಿತ್ತು. ಅದನ್ನು ತಾಳಬಹುದಿತ್ತು, ತಲೆಗೆ ಬಟ್ಟೆ ಕಟ್ಟಿಕೊಂಡರೆ ಆಯಿತು. ತಾಳಲಾಗದ್ದು ನನ್ನ ಅತ್ತೆಯನ್ನು. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮಗನ ಹಿಂದೆ ಬಂದ ಆಕೆಗೆ ಒಂದು ಜಂಬ: ತನಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ, ಯಾರೂ ತನಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ ಎಂದು. ಅರ್ಧ ಕೇಳಿ ಪೂರ್ತಿ ತಿಳಿದುಕೊಳ್ಳುವ ಜಾತಿ.

ಹೋದ ದಿನವೇ ನನ್ನ ಕೂದಲು ಆಕೆಯ ಕಣ್ಣಿಗೆ ಬಿತ್ತು.

‘ಕೂದ್ಲಾ ಇದು? ತೆಂಗಿನ್ ನಾರು ಕಣೇ! ಗುಬ್ಬಿ ಬಂದು ಮೊಟ್ಟೆ ಇಕ್ಕೀತು, ಸೆರಗೊದ್ಕೊಂಡು ಓಗು ನೀರಿಗೆ.’

‘ಇಕ್ಲಿ ಬಿಡಿ ಅತ್ತೆ. ಮರಿಗೊಳಾದ್ರೂ ನೆಟ್ಟಗೆ ಮಾತಾಡ್ತವೆ,’ ಎಂದೆ ನಾನು. ಆಡಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ಸೊಸೆಯ ತಲೆ ನೋಡಿದರೆ ಅವರು ಹೊಸಲಿನಿಂದಲೇ ತಿರುಗಿ ಹೋಗುತ್ತಾರೆಂದು ಅತ್ತೆಗೆ ಕಳವಳ. ತವರಿಂದ ತಂದ ನನ್ನ ಹರಳೆಣ್ಣೆ ಸೀಸೆ ಬರಿದಾಗಿತ್ತು. ಕೇಳಿದರೆ, ‘ನಿನ್ ತಲೆಗೆ ಸುರಿಯಾಕೆ ಇಲ್ಲೇನು ಗಾಣ ಐತಾ?’ ಎಂದು ಆಕೆ ಕೊಡಿಸಿರಲಿಲ್ಲ. ಈಗ ತಾನೇ ದಾರಿ ಹುಡುಕಿಕೊಂಡು ನಲ್ಲಿಯ ಹತ್ತಿರ ಪಕ್ಕದ ಮನೆಯ ತಮಿಳು ಹೆಂಗಸನ್ನು ಹಿಡಿದಳು. ಆ ಹೆಂಗಸಿನ ಕೂದಲು ಮೊಣಕಾಲಿಗೆ ಬರುತ್ತಿತ್ತು. ಲೈನಿನಲ್ಲಿ ಎಲ್ಲರೂ ಅದನ್ನು ತಿರುಗಿ ನೋಡುತ್ತಿದ್ದರು. ನಾನೂ ಕೊಡ ಹಿಡಿದು ಪಕ್ಕದಲ್ಲೇ ಇದ್ದೆ.

‘ವಿಳಕ್ಕೆಣ್ಣೆ ತೇಚ್ಚು ಊರ ವೆಯ್ಯಿಮ್ಮಾ, ಪಟ್ಟು ಮಾದಿರಿ ಆಯಿಡುಂ,’ ಎಂದಳು ಆಕೆ.

ತಿಕ್ಕಿ ನೆನೆಯಲು ಬಿಡು, ರೇಷ್ಮೆಯಂತಾಗುತ್ತದೆ ಎಂಬುದು ನನಗೂ ಅಂದಾಜಾಯಿತು. ಮೊದಲ ಪದ ಮಾತ್ರ ತಿಳಿಯಲಿಲ್ಲ. ನಾನು ಬಂದು ಆರು ತಿಂಗಳೂ ಆಗಿರಲಿಲ್ಲ, ತೆಲುಗು ತವರಿನಿಂದಲೇ ಬರುತ್ತಿತ್ತು, ತಮಿಳು ಕಿವಿಗೆ ಇನ್ನೂ ಹತ್ತಿರಲಿಲ್ಲ.

‘ವಿಳಕ್ಕೆಣ್ಣೆ ಅಂದ್ರೇನತ್ತೆ? ಒಂದ್ ಸಾರಿ ಕೇಳಿ.’

‘ಕೇಳೋದೇನು? ವಿಳಕ್ಕು ಅಂದ್ರೆ ದೀಪ. ಎಣ್ಣೆ ಅಂದ್ರೆ ಎಣ್ಣೆ. ದೀಪದೆಣ್ಣೆ ಅಚ್ಚು ಅಂತವ್ಳೆ. ಅಷ್ಟೂ ತಿಳೀದಾ ನಿಂಗೆ?’

ಪದ ಬಿಡಿಸಿದರೆ ಆಕೆ ಹೇಳಿದ್ದು ಸರಿಯೇ. ಆದರೆ ತಮಿಳರು ವಿಳಕ್ಕೆಣ್ಣೆ ಎನ್ನುವುದು ಹರಳೆಣ್ಣೆಗೆ, ನನ್ನ ತಾಯಿ ಹಚ್ಚುತ್ತಿದ್ದ ಅದೇ ಎಣ್ಣೆಗೆ. ಅತ್ತೆ ತನ್ನ ಹಳ್ಳಿಯಲ್ಲೇ ಇದ್ದಿದ್ದರೆ ನನ್ನ ತಲೆ ಉಳಿಯುತ್ತಿತ್ತು. ಅಲ್ಲಿ ದೀಪಕ್ಕೆ ಹಾಕುವುದು ಹರಳೆಣ್ಣೆಯೋ ಹೊಂಗೆ ಎಣ್ಣೆಯೋ. ಲೈನ್ ಮನೆಯಲ್ಲಿ ದೀಪ ಎಂದರೆ ಬುಡ್ಡಿ, ಬುಡ್ಡಿಗೆ ಸೀಮೆಎಣ್ಣೆ.

ನಾನು ಬೇಡವೆಂದೆ. ವಾಸನೆಗೇ ತಲೆ ತಿರುಗುತ್ತಿತ್ತು. ಆಕೆ ನನ್ನನ್ನು ಗೋಡೆಗೆ ಒತ್ತಿ ಕೂರಿಸಿ, ಭುಜವನ್ನು ಮೊಣಕಾಲಲ್ಲಿ ಹಿಡಿದು, ಡಬ್ಬದಿಂದ ಬೊಗಸೆ ಬೊಗಸೆ ಸುರಿದಳು. ‘ತಲೇಲಿ ಏನು ಸೀರು ಬಿದ್ರೆ ಸೀಮೆಎಣ್ಣೆ ಆಕಲ್ವಾ? ಸುಮ್ಕಿರು,’ ಎಂದಳು. ತಲೆಗೆ ಬಟ್ಟೆ ಬಿಗಿದು ಬಿಸಿಲಲ್ಲಿ ಕೂರಿಸಿದಳು, ನೆನೆಯಲಿ ಎಂದು. ನೆತ್ತಿ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿಯಿತು. ಬಿಚ್ಚಿಕೊಂಡೆ, ಮತ್ತೆ ಕಟ್ಟಿದಳು. ಆಮೇಲೆ ಆ ಎಣ್ಣೆ ಹೋಗಲೆಂದು ಬಟ್ಟೆ ಒಗೆಯುವ ಸೋಡಾ ಕಲಸಿ ಕುದಿಯುವಂಥ ನೀರು ಹುಯ್ದಳು. ತಿಕ್ಕುವಾಗ ಆಕೆಯ ಬೆರಳ ಸಂದಿಯಲ್ಲಿ ನನ್ನ ಕೂದಲು ಕುಚ್ಚು ಕುಚ್ಚಾಗಿ ಬಂತು. ಆಗಲಾದರೂ ನಿಲ್ಲಿಸಿದಳೇ? ‘ಕೊಳೆ ಓಗ್ತಾ ಐತೆ’ ಎಂದಳು.

ನೆತ್ತಿ ಗುಳ್ಳೆ ಎದ್ದು ಸುಲಿಯಿತು. ಕೂದಲು ಬೆನ್ನ ಮೇಲೆ ಪೊರಕೆಯ ಕಡ್ಡಿಯ ಹಾಗೆ ನಿಂತಿತು, ಮುಟ್ಟಿದಲ್ಲಿ ಮುರಿಯುತ್ತಿತ್ತು. ಪಕ್ಕದ ಮನೆಯ ಹೆಂಗಸು ಓಡಿ ಬಂದು ನೋಡಿ ಬಾಯಿ ಬಡಿದುಕೊಂಡಳು. ತನ್ನ ಮನೆಯಿಂದ ಹರಳೆಣ್ಣೆ ಬಟ್ಟಲು ತಂದು ಅತ್ತೆಯ ಮೂಗಿಗೇ ಹಿಡಿದು, ‘ಇದಮ್ಮಾ ವಿಳಕ್ಕೆಣ್ಣೆ! ಇದು!’ ಎಂದಳು. ಅತ್ತೆ ಬಟ್ಟಲಿನ ಕಡೆ ನೋಡಲೇ ಇಲ್ಲ.

‘ಕೂದ್ಲೇ ದೋಸದ್ದು. ದೋಸ ಇಲ್ದಿದ್ರೆ ಇಂಗ್ಯಾಕಾಗ್ತಿತ್ತು?’

ಆ ಸಂಜೆಯೇ ದೀಪ ಹಚ್ಚಿ, ಅರಿಸಿನದ ಬಟ್ಟೆಯಲ್ಲಿ ಕಾಸು ಗಂಟು ಕಟ್ಟಿ ಹರಕೆ ಹೊತ್ತಳು. ವೆಂಕಟರಮಣನಿಗೆ ಕನ್ನಡ ತಿಳಿಯದು ಎಂದು ಆಕೆಯ ನಂಬಿಕೆ. ದೇವರ ಹತ್ತಿರ ತೆಲುಗೇ ಆಡುತ್ತಿದ್ದಳು. ‘ಸಾಮೀ, ನಾ ಕೋಡಲಿ ಎಂಟಿಕಲು ನೀಕಿಸ್ತಾನು,’ ಎಂದು ಜೋರಾಗಿ ಹೇಳಿದಳು. ನನ್ನ ಸೊಸೆಯ ಕೂದಲು ನಿನಗೆ ಕೊಡುತ್ತೇನೆ ಎಂದು. ನಾನು ಕೇಳಿಸಿಕೊಂಡೆ. ಗಂಡನೂ ಕೇಳಿಸಿಕೊಂಡ. ನನ್ನನ್ನು ಯಾರೂ ಕೇಳಲಿಲ್ಲ.

ಭಕ್ತಿಯಿಂದ ಮುಡಿ ಕೊಡುವವರ ಬಗ್ಗೆ ನನಗೆ ಮಾತಿಲ್ಲ. ಇದು ಭಕ್ತಿಯಲ್ಲ. ತಲೆ ಬೋಳಾದರೆ ತಾನು ಸುಟ್ಟದ್ದು ಯಾರಿಗೂ ಕಾಣುವುದಿಲ್ಲ ಎಂಬ ಉಪಾಯ. ಬೋಳು ತಲೆಯಲ್ಲಿ ನಾನು ನಲ್ಲಿಗೆ ಹೋಗಬೇಕು, ನಾಳೆ ನಾದಿನಿಯ ಮದುವೆ ಕೂಡಿಬಂದರೆ ಅದರಲ್ಲಿ ಓಡಾಡಬೇಕು, ತಾಯಿಯ ಮುಂದೆ ಹೋಗಿ ನಿಲ್ಲಬೇಕು. ಅವಳು ಎಣ್ಣೆ ಬೆಚ್ಚಗೆ ಮಾಡಿ ಮಾಡಿ ಬೆಳೆಸಿದ್ದು ಅದು. ಬೇರೆ ಯಾವ ಒಡವೆಯನ್ನೂ ನಾನು ಆ ಮನೆಗೆ ತಂದಿರಲಿಲ್ಲ.

ಅಳುತ್ತ ಕೂರುವವಳಲ್ಲ ನಾನು. ನೆತ್ತಿಗೆ ಲೋಳೆಸರದ ತಿರುಳು ಹಚ್ಚಿದೆ. ಪಕ್ಕದ ಮನೆಯ ಅಕ್ಕನಿಗೆ ರಾಗಿ ಬೀಸಿಕೊಟ್ಟು ಹರಳೆಣ್ಣೆ ತಂದೆ. ಆಕೆ ಸುಮ್ಮನೆ ಕೊಡಲು ಬಂದರೂ ಬೇಡವೆಂದೆ, ಸುಮ್ಮನೆ ಬಂದದ್ದಕ್ಕೆ ನಾಳೆ ಮಾತು ಬರುತ್ತದೆ. ಅನ್ನ ಬಸಿದ ಗಂಜಿಯನ್ನು ತಣಿಸಿ ತಲೆಗೆ ಹುಯ್ದುಕೊಂಡೆ. ಬುಡದಲ್ಲಿ ಹೊಸ ಕೂದಲು ಮೆತ್ತಗೆ ಬರತೊಡಗಿತು. ಭುಜದ ತನಕ ಇದ್ದದ್ದೂ ಮೆಲ್ಲಗೆ ಬಗ್ಗಿತು. ಅದರ ಕೆಳಗಿನದು ಮಾತ್ರ ಜಗ್ಗಲಿಲ್ಲ. ಕೇಳಿಸಿಕೊಳ್ಳಿ: ಸತ್ತ ಕೂದಲಿಗೆ ಯಾವ ಎಣ್ಣೆಯೂ ಜೀವ ಕೊಡುವುದಿಲ್ಲ. ಸೀಸೆ ಸೀಸೆ ಮಾರುವವರು ಕೊಡುತ್ತದೆ ಎನ್ನುತ್ತಾರೆ, ಸುಳ್ಳು. ಅದನ್ನು ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಸೀಳು ಮೇಲಕ್ಕೆ ಏರುತ್ತದೆ. ಆದರೆ ಮುತ್ತೈದೆಯಾದವಳು ಮನೆಯಲ್ಲಿ ಕೂದಲಿಗೆ ಕತ್ತರಿ ಮುಟ್ಟಿಸುವ ಹಾಗಿಲ್ಲ, ಅಪಶಕುನ. ಕೂದಲು ಉಳಿಯಬೇಕಾದರೆ ಕತ್ತರಿ ಬೇಕು. ಕತ್ತರಿ ಸಿಗುವುದು ದೇವರ ಹತ್ತಿರ ಮಾತ್ರ. ದೇವರ ಹತ್ತಿರ ಹೋದರೆ ಅತ್ತೆ ಪೂರ್ತಿ ಬೋಳಿಸುತ್ತಾಳೆ. ಇದನ್ನು ತಲೆಯಲ್ಲಿಟ್ಟುಕೊಂಡೇ ನಾನು ರಾಗಿ ಬೀಸಿದೆ.

ತಿರುಪತಿ ದೂರವೆಂದು ಹರಕೆ ತೀರಿಸಲು ಚಿಕ್ಕತಿರುಪತಿಗೆ ಹೊರಟೆವು. ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ಮಾಲೂರಿನಲ್ಲಿ ಇಳಿದು, ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಅತ್ತೆ ಗೆದ್ದವಳ ಮುಖ ಮಾಡಿಕೊಂಡು ಕಡಲೆಕಾಯಿ ಬಿಡಿಸಿ ತಿಂದಳು. ನಾನು ಬಾಯಿ ಬಿಡಲಿಲ್ಲ. ವ್ಯಾಪಾರಕ್ಕೆ ಹೋಗುವವರು ದಾರಿಯಲ್ಲೇ ತಮ್ಮ ಮಾತು ಖರ್ಚು ಮಾಡಬಾರದು.

ಗುಡಿಯ ಪಕ್ಕದಲ್ಲಿ ಹೊಂಗೆ ಮರದ ಕೆಳಗೆ ಕ್ಷೌರದವನು ಕೂತಿದ್ದ. ಹೆಂಗಸರನ್ನು ಕಂಡರೆ ಅವನು ಮೊದಲು ಕೇಳುವುದೇ ಒಂದು ಮಾತು.

‘ಮುಡೀನಾ, ಮೂರು ಕತ್ತರೀನಾ?’

‘ಮುಡಿ,’ ಎಂದಳು ಅತ್ತೆ.

‘ಮೂರು ಕತ್ತರಿ,’ ಎಂದೆ ನಾನು.

ಪೂರ್ತಿ ಬೋಳಿಸಿಕೊಳ್ಳದ ಹೆಂಗಸರು ಕೂದಲಿಗೆ ಮೂರು ಸಲ ಕತ್ತರಿ ಹಾಕಿಸಿ ದೇವರಿಗೆ ಒಪ್ಪಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಅತ್ತೆ ಎದ್ದು ನಿಂತಳು. ‘ಅರಕೆ ನಂದು! ಮಾತಾಡಾಕೆ ನೀನ್ಯಾರೇ?’

‘ಕೂದ್ಲು ನಂದತ್ತೆ. ಅದಿರ್ಲಿ, ಅರಕೆ ಒತ್ಕೊಂಡಾಗ ನೀವು ಸಾಮಿಗೆ ಏನಂದ್ರಿ? ತಲನೀಲಾಲು ಅಂದ್ರಾ, ಎಂಟಿಕಲು ಅಂದ್ರಾ?’

ತೆಲುಗಿನಲ್ಲಿ ಬೋಳಿಸಿ ಕೊಡುವ ಮುಡಿಗೆ ತಲನೀಲಾಲು ಎಂಬ ಬೇರೆ ಮಾತೇ ಇದೆ. ಎಂಟಿಕಲು ಎಂದರೆ ಬರೀ ಕೂದಲು.

‘ಎರಡೂ ಒಂದೇ ಕಣೇ.’

‘ಒಂದೇ ಎಂಗಾಗ್ತದೆ? ಮೂರು ಬಾಸೆ ಬಲ್ಲೋರು ನೀವು. ದೇವ್ರಿಗೆ ಒಂದು ಮಾತು ಕೊಟ್ಟು, ಬಾಗ್ಲಿಗೆ ಬಂದು ಇನ್ನೊಂದು ಮಾಡಿದ್ರೆ ಆ ಸಾಮಿ ಒಪ್ತಾನಾ? ಕೂದ್ಲು ಕೊಡ್ತೀನಿ ಅಂದ್ರಿ. ಕೊಡ್ತಾ ಇವ್ನಿ. ತಲೆ ಕೊಡ್ತೀನಿ ಅಂದಿಲ್ವಲ್ಲ?’

ಕ್ಷೌರದವನು ನಕ್ಕುಬಿಟ್ಟ. ಅತ್ತೆ ಮಗನ ಕಡೆ ತಿರುಗಿದಳು. ‘ನೀನಾದ್ರೂ ಏಳ್ಲಾ!’

ನನ್ನ ಗಂಡ ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. ಕಾಲ ಬೆರಳಲ್ಲಿ ಮಣ್ಣು ಕೆದಕುತ್ತ, ‘ಎಂಟಿಕಲು ಅಂತಾನೇ ಅಂದಿದ್ದು ಕಣವ್ವ. ನಾ ಕೇಳಿಸ್ಕಂಡೆ,’ ಎಂದ. ಅಷ್ಟಕ್ಕೆ ನಾನು ಅವನ ಬೇರೆ ಎಷ್ಟೋ ಮೌನಗಳನ್ನು ಮನ್ನಿಸಿಬಿಟ್ಟೆ.

ಕೂತೆ. ಕ್ಷೌರದವನು ಜಡೆಯ ತುದಿಯಲ್ಲಿ ಒಂದು ಬೆರಳಿನಷ್ಟು ಹಿಡಿದ. ಅಷ್ಟಕ್ಕೆ ನಾನು ಬಂದಿರಲಿಲ್ಲ.

‘ಅಲ್ಲಲ್ಲಣ್ಣ, ಮೇಲಕ್ಕೆ. ಇನ್ನೂ ಮೇಲಕ್ಕೆ. ಇಲ್ಲಿ.’ ಭುಜದ ಹತ್ತಿರ, ಒಳ್ಳೆಯ ಕೂದಲು ಮುಗಿದು ಸುಟ್ಟದ್ದು ಶುರುವಾಗುವ ಜಾಗಕ್ಕೆ ಬೆರಳಿಟ್ಟು ತೋರಿಸಿದೆ.

‘ಅಷ್ಟೊಂದಾ? ಮೂರು ಕತ್ತರಿ ಅಂದ್ರಲ್ಲಮ್ಮ?’

‘ಮೂರೇ. ಎಷ್ಟುದ್ದ ಅಂತ ಸಾಸ್ತ್ರದಲ್ಲಿ ಏಳೈತಾ?’

ಜಡೆಯನ್ನು ಮೂರು ಕಾಲಾಗಿ ಬಿಡಿಸಿ ಒಂದೊಂದಕ್ಕೂ ಒಂದೊಂದು ಕತ್ತರಿ ಹಾಕಿದ. ಅತ್ತೆ ಸುರಿದ ಸೀಮೆಎಣ್ಣೆ, ಸೋಡಾ, ಬಿಸಿನೀರು ಎಲ್ಲವನ್ನೂ ಕುಡಿದಿದ್ದ ಆ ನಾರು ಬಾಳೆಎಲೆಯ ಮೇಲೆ ಬಿತ್ತು. ಎಲೆಯನ್ನು ಎರಡು ಕೈಯಲ್ಲೂ ಎತ್ತಿ ಆಕೆಗೇ ಕೊಟ್ಟೆ. ‘ತಗೊಳ್ಳಿ ಅತ್ತೆ, ನಿಮ್ಮರಕೆ. ನೀವೇ ಒಪ್ಸಿ.’ ಆಕೆ ಒಪ್ಪಿಸಿದಳು. ಸುತ್ತ ಜನವಿತ್ತು, ಬೇರೆ ದಾರಿ ಇರಲಿಲ್ಲ.

ತಿರುಗಿ ಬರುವಾಗ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯಬೇಕಿತ್ತು. ನಾನು ಗಂಡನನ್ನು ಕರೆದುಕೊಂಡು ಪೇಟೆಗೆ ನಡೆದು ಎಣ್ಣೆ ಅಂಗಡಿಗೆ ಹೋದೆ. ಹರಳೆಣ್ಣೆ ಕೊಳ್ಳುವಾಗ ಒಂದು ಹನಿ ಅಂಗೈಗೆ ಹಾಕಿಸಿಕೊಂಡು ಉಜ್ಜಿ ಮೂಸಬೇಕು. ಕಹಿ ವಾಸನೆ ಬಂದರೆ ಹೊಂಗೆ ಎಣ್ಣೆ ಬೆರೆತಿದೆ. ಮೊದಲ ಡಬ್ಬದ್ದು ಬೆರೆತಿತ್ತು, ಅಂಗಡಿಯವನ ಮುಖಕ್ಕೇ ಹೇಳಿದೆ, ಒಳಗಿಂದ ಇನ್ನೊಂದು ತಂದ. ಸೀಸೆ ತುಂಬಿಸಿಕೊಂಡು ಬಂದೆ.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ಅತ್ತೆ ಕೈ ನೀಡಿದಳು. ‘ಕೊಡು ಇಲ್ಲಿ, ನಾ ಇಟ್ಕೋತೀನಿ. ನೀನು ಚೆಲ್ಲಿಬಿಡ್ತೀಯ.’

‘ಬೇಡತ್ತೆ. ಇದು ವಿಳಕ್ಕೆಣ್ಣೆ,’ ಎಂದು ಸೀಸೆಯನ್ನು ಮಡಿಲಿಗೆ ಇಟ್ಟುಕೊಂಡೆ.

ಆಕೆ ಇನ್ನೂ ಇದ್ದಾಳೆ. ನನ್ನ ಜಡೆ ಮತ್ತೆ ಸೊಂಟ ದಾಟಿದೆ. ಆಕೆಯ ಕೂದಲು ಈಗ ತೆಳ್ಳಗಾಗಿ ಸಿಕ್ಕುಗಟ್ಟುತ್ತದೆ. ಕರೆದು ಮುಂದೆ ಕೂರಿಸಿಕೊಂಡು, ತುದಿಯಿಂದ ಮೇಲಕ್ಕೆ, ನೋವಾಗದ ಹಾಗೆ ನಾನೇ ಬಾಚುತ್ತೇನೆ. ಸೊಸೆಯ ಕೆಲಸ, ಮಾಡುತ್ತೇನೆ. ಎಣ್ಣೆ ಸೀಸೆ ಮಾತ್ರ ನಾನು ಗೋಡೆಗೆ ಹೊಡೆದ ಮೊಳೆಯಲ್ಲಿ ನೇತಾಡುತ್ತದೆ. ಅದನ್ನು ಆಕೆಯ ಕೈಗೆ ಇವತ್ತಿಗೂ ಕೊಟ್ಟಿಲ್ಲ.