ಪಂಚನಾಮೆಯ ಕಾಗುಣಿತ

ಪೊಲೀಸರು ದಾರಿಯಲ್ಲಿ ತಡೆದು ನಿಲ್ಲಿಸಿದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕೋ, ಬಾಯಿ ಮುಚ್ಚಿಕೊಂಡಿರಬೇಕೋ? ಚೀಲ ತೋರಿಸು ಅಂದರೆ ತೋರಿಸಬೇಕೋ, ಯಾಕೆ ಅಂತ ಕೇಳಬೇಕೋ? ಒಬ್ಬ ಮನುಷ್ಯ ಈ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಿದ್ದ. ನಾನು ಮಾಸ್ತರು. ಗೊತ್ತಿಲ್ಲ ಅನ್ನುವ ಅಭ್ಯಾಸವೇ ನನಗಿರಲಿಲ್ಲ. ಕೇಳಿದ ತಕ್ಷಣ ಹೇಳಿಬಿಟ್ಟೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಆಗ ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಾನು ಬಾಡಿಗೆಗಿದ್ದ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಮಿಸ್ತ್ರಿಯ ಅಂಗಡಿ ಇತ್ತು. ಸುಟ್ಟುಹೋದ ನೀರಿನ ಮೋಟಾರುಗಳ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ಅವನ ಕೆಲಸ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಹೊಳೆ ಆಚೆಯ ಗಿರಾಕಿಗಳ ಜೊತೆ ತೆಲುಗು. ನೆಲದ ಮೇಲೆ ಕಾಲು ಚಾಚಿ ಕೂತು ಸುತ್ತುಗಳನ್ನು ಬಾಯೊಳಗೇ ಎಣಿಸುತ್ತಿದ್ದ. ಆಗ ಯಾರಾದರೂ ಕರೆದರೆ ಒಂದು ಕೈ ಎತ್ತಿ ತೋರಿಸುತ್ತಿದ್ದ, ಅಷ್ಟೇ. ಜಿಲ್ಲಾಧಿಕಾರಿ ಬಂದು ನಿಂತರೂ ಎಣಿಕೆ ಮುಗಿಯುವ ತನಕ ಅವನು ತಲೆ ಎತ್ತುವವನಲ್ಲ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ವಾರ್ನಿಶಿನ ವಾಸನೆಗೆ ನನ್ನ ಹೆಂಡತಿ ಬೈಯುತ್ತಿದ್ದಳು. ಅವನ ಹೆಂಡತಿ ಸಂಜೆ ಒಂದು ತಟ್ಟೆ ಏನಾದರೂ ಕಳಿಸಿ ಆ ಬೈಗುಳವನ್ನು ಅಡಗಿಸುತ್ತಿದ್ದಳು.

ಆ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಮೋಟಾರಿನಿಂದ ಬಿಚ್ಚಿದ ಸುಟ್ಟ ತಾಮ್ರದ ತಂತಿ ಮಿಸ್ತ್ರಿಗೆ ಸೇರಬೇಕು. ಅದಕ್ಕಾಗಿಯೇ ಅವನು ಕೂಲಿ ಕಡಿಮೆ ಹಿಡಿಯುತ್ತಿದ್ದ. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಬರೆಯಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ. ಮಾನ್ವಿಯಿಂದ ಹೊಳೆಸಾಲಿನ ಗೂಗಲ್ ಅನ್ನುವ ಹಳ್ಳಿಯ ತನಕ ಪಂಪುಸೆಟ್ಟು ಇದ್ದ ಪ್ರತಿ ರೈತನಿಗೂ ಗೊತ್ತಿದ್ದ ಮಾತು. ಚೀಲ ತುಂಬುವಷ್ಟಾದಾಗ ಮಿಸ್ತ್ರಿ ಅದನ್ನು ರಾಯಚೂರಿನ ಗುಜರಿಗೆ ಹಾಕಿ ಬರುತ್ತಿದ್ದ.

ಆ ವರ್ಷ ಅವನಿಗೆ ಒಂದು ದೊಡ್ಡ ಆಸೆ ಹುಟ್ಟಿತ್ತು. ಸರ್ಕಾರಿ ವೈರ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಅರ್ಜಿ ತುಂಬಿದವನು ನಾನೇ. ರಾಯಚೂರಿಗೆ ಹೋಗಿ ಕಂಬ ಹತ್ತಿ ತೋರಿಸಿ ಬಂದಿದ್ದ, ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಉಳಿದಿದ್ದು ಪೊಲೀಸರ ಕಡೆಯಿಂದ ನಡತೆಯ ವಿಚಾರಣೆ ಒಂದೇ. ವಯಸ್ಸಿನ ಮಿತಿಗೆ ಅವನಿಗೆ ಅದು ಕೊನೆಯ ವರ್ಷ. ತಪ್ಪಿದರೆ ಮತ್ತೆ ಇಲ್ಲ. ಅವನ ಹೆಂಡತಿ ಆಗಲೇ ನೌಕರಿ ಸಿಕ್ಕೇಬಿಟ್ಟಿತು ಅಂತ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದಳು, ಅದೇ ಅವನಿಗೆ ಹೆದರಿಕೆ.

ಅಂಥ ಹೊತ್ತಿನಲ್ಲಿ ಸುತ್ತಲಿನ ಊರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಒಡೆದು ತಾಮ್ರ ಕದಿಯುವುದು ಶುರುವಾಯಿತು. ದಾರಿಯಲ್ಲಿ ಪೊಲೀಸರು ನಿಂತರು. ಒಂದು ದಿನ ಕಾಲುವೆಯ ಸೇತುವೆ ಹತ್ತಿರ ಮಿಸ್ತ್ರಿಯ ಸೈಕಲ್ ನಿಲ್ಲಿಸಿ ಚೀಲ ಬಿಚ್ಚು ಅಂದರಂತೆ. ಒಳಗೆ ಇಕ್ಕಳ, ಸುತ್ತಿಗೆ ಬಿಟ್ಟರೆ ಬೇರೇನಿಲ್ಲ. ಆದರೂ ಇವನು "ಯಾಕ್ರಿ?" ಅಂದ. ಕೇಳಿದ್ದು ಅಷ್ಟೇ. ಕಪಾಳಕ್ಕೆ ಒಂದು ಬಿತ್ತು. ಸಂಜೆಯ ತನಕ ಠಾಣೆಯ ಕಟ್ಟೆಯ ಮೇಲೆ ಕೂಡಿಸಿ, ಏನೂ ಸಿಗದೆ ಬಿಟ್ಟು ಕಳಿಸಿದರು.

ಅವತ್ತು ಅವನು ಅಂಗಡಿಗೆ ಬರದೆ ನೇರ ನನ್ನ ಪಡಸಾಲೆಗೆ ಬಂದು ಕೂತ. ಕೆನ್ನೆ ಊದಿತ್ತು.

"ಕ್ಯಾ ಕರ್ನಾ ಮಾಸ್ತರ್ ಸಾಬ್? ನಾಳಿ ಮತ್ತ ನಿಲ್ಲಸ್ತಾರ. ಏನನ್ಲಿ? ಯಾಕ ಅಂದ್ರ ಹೊಡೀತಾರ."

"ಯಾಕ ಅನ್ನೂದ್ಯಾಕ?" ಅಂದೆ ನಾನು. "ನೌಕರಿ ಬಾಗಿಲಿಗಿ ಬಂದದ. ಈಗ ಅವ್ರ ಜೋಡಿ ಹುಜ್ಜತಿ ಬ್ಯಾಡ. ಸಾಚಾ ಇದ್ದವ್ರಿಗಿ ಏನ್ ಅಂಜಿಕಿ ಮಿಸ್ತ್ರಿ? ಕೇಳೂಕ್ಕಿಂತ ಮೊದ್ಲ ನೀವ ಚೀಲ ಬಿಚ್ಚಿ ತೋರಿಸ್ರಿ. ಹ್ಞೂಂರಿ, ಹ್ಞೂಂರಿ ಅಂತ ತಗ್ಗಿ ಮಾತಾಡ್ರಿ. ಕೈ ಮುಗದವ್ರಿಗಿ ಯಾರೂ ಹೊಡ್ಯಂಗಿಲ್ಲ."

ಈ ಮಾತನ್ನು ಹೇಳಿದ ನನ್ನ ಗತ್ತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ನನ್ನನ್ನು ಅಲ್ಲಿಯ ತನಕ ಒಬ್ಬ ಪೊಲೀಸನೂ ನಿಲ್ಲಿಸಿರಲಿಲ್ಲ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎಲ್ಲಿ ಹೋದರೂ ಬರ್ರಿ ಮಾಸ್ತರ. ತಡೆಸಿಕೊಳ್ಳದವನು ತಡೆಸಿಕೊಂಡವನಿಗೆ ಬುದ್ಧಿ ಹೇಳಿದ್ದೆ.

ಸುಮಾರು ಒಂದು ತಿಂಗಳ ಮೇಲೆ ನಾನು ಶಿಕ್ಷಕರ ತರಬೇತಿಗೆ ಅಂತ ದೇವದುರ್ಗಕ್ಕೆ ಹೋಗಿದ್ದೆ. ಮುಗಿಸಿಕೊಂಡು ಬೆಳಿಗ್ಗೆಯ ರಾಯಚೂರು ಬಸ್ಸು ಹತ್ತಿದರೆ ಮಿಸ್ತ್ರಿ ಕೂತಿದ್ದಾನೆ. ಗೂಗಲ್ಲಿನ ಹೊಳೆ ದಂಡೆಯ ಪಂಪುಮನೆಗಳಲ್ಲಿ ಎರಡು ದಿನ ಕೂತು ಮೂರು ಮೋಟಾರು ಸುತ್ತಿ ಬಂದಿದ್ದ. ಕಾಲ ಬಳಿ ಗೋಣಿಚೀಲ. ಸುಟ್ಟ ತಂತಿ ಗುಜರಿಗೆ ಹಾಕಿ, ಹಾಗೆಯೇ ಆಫೀಸಿಗೆ ಹೋಗಿ ಆರ್ಡರು ಯಾವಾಗ ಬರುತ್ತದೆ ಅಂತ ಕೇಳಿಕೊಂಡು ಬರಬೇಕು ಅಂದ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಾನು ಬೇಡ ಅಂದರೂ ನನ್ನ ಟಿಕೆಟ್ಟನ್ನೂ ತಾನೇ ತೆಗೆದ. ಖುಷಿಯಲ್ಲಿದ್ದ.

ದಾರಿಯಲ್ಲಿ ಬಸ್ಸು ನಿಂತಿತು. ಯಾವ ಠಾಣೆಯವರು ಅಂತ ನಾನು ಬರೆಯುವುದಿಲ್ಲ. ಒಬ್ಬ ಹೆಡ್ ಕಾನ್‌ಸ್ಟೇಬಲ್, ಇಬ್ಬರು ಪೇದೆಗಳು. ಹೆಡ್ಡು ಮೈಸೂರು ಕಡೆಯವನು, ಬಂದು ಬಹಳ ದಿನ ಆಗಿರಲಿಲ್ಲ ಅಂತ ಮಾತಿನಿಂದಲೇ ಗೊತ್ತಾಗುತ್ತಿತ್ತು. ಅವನು ನಮ್ಮ ಸೀಟಿಗೆ ಬರುವ ಮುಂಚೆಯೇ ಮಿಸ್ತ್ರಿ ಎದ್ದು ನಿಂತ. ನಾನು ಹೇಳಿಕೊಟ್ಟಿದ್ದನ್ನು ಅಕ್ಷರ ಬಿಡದೆ ಒಪ್ಪಿಸುವವನ ಹಾಗೆ ಚೀಲದ ಬಾಯಿ ಬಿಚ್ಚಿದ.

"ನೋಡ್ರಿ ಸಾಹೇಬ್ರ. ಸುಟ್ಟ ತಂತಿ ಅದ್ರಿ. ಮೋಟಾರ್ ವೈಂಡಿಂಗ್ ಮಾಡ್ತೀನ್ರಿ."

"ತಾಮ್ರ! ರಸೀದಿ ಎಲ್ಲಿ?"

"ಸುಟ್ಟ ತಂತಿಗಿ ರಸೀದಿ ಯಾರ್ ಕೊಡ್ತಾರ್ರಿ? ಅದು ಮಿಸ್ತ್ರಿಗೇ ಬರೂದ್ರಿ."

"ಇಳಿ ಕೆಳಗೆ."

ಇಳಿಸಿದರು. ಕಿಟಕಿಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಇಲ್ಲೆಲ್ಲ ಟ್ರಾನ್ಸ್‌ಫಾರ್ಮರ್ ತಾಮ್ರ ಕಳುವಾಗ್ತಾ ಇದೆ, ಗೊತ್ತೇನೋ?"

"ಹ್ಞೂಂರಿ."

"ಅದನ್ನ ಬಿಚ್ಚೋ ಕೆಲಸ ಗೊತ್ತಿರೋನೇ ಮಾಡಿರ್ಬೇಕು."

"ಹ್ಞೂಂರಿ."

"ನಿನಗೆ ಗೊತ್ತಿದೆ. ನೀನೇ ಬಿಚ್ಚಿ, ಸುಟ್ಟು ಕಪ್ಪು ಮಾಡಿ, ಮಾರೋಕೆ ಹೊರಟಿದೀಯ."

"ಹ್ಞೂಂರಿ... ಅಲ್ರಿ, ಹಂಗಲ್ರಿ ಸಾಹೇಬ್ರ..."

ನಮ್ಮ ಕಡೆ ದೊಡ್ಡವರು ಮಾತಾಡುವಾಗ ಹ್ಞೂಂರಿ ಅನ್ನುತ್ತ ಹೋಗಬೇಕು. ಅನ್ನದಿದ್ದರೆ ಸೊಕ್ಕು. ಅದರ ಅರ್ಥ ಹೌದು ಅಂತ ಅಲ್ಲ. ಕೇಳಿಸಿತು, ಮುಂದೆ ಹೇಳಿ ಅಂತ. ಹ್ಞೂಂರಿ, ಹ್ಞೂಂರಿ ಅನ್ನುತ್ತಲೇ ಪೂರಾ ಮಾತು ಕೇಳಿ, ಕೊನೆಗೆ "ಆಗಂಗಿಲ್ರಿ" ಅಂದು ಎದ್ದು ಹೋಗುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಆ ಹೆಡ್ಡಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವಾಗಿತ್ತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾನು ತಡೆಯಲಾರದೆ ಇಳಿದೆ. "ಸಾಹೇಬ್ರ, ಇವ್ರು ನಮ್ಮ ಮಾನ್ವಿಯವ್ರು. ಸಾಚಾ ಮನುಷ್ಯ. ನಾನು ಹೈಸ್ಕೂಲ್ ಮಾಸ್ತರ" ಅಂದೆ.

ಹೆಡ್ಡಿನ ಮುಖ ಅರಳಿತು. "ಮೇಷ್ಟ್ರಾ? ಒಳ್ಳೇದೇ ಆಯ್ತು. ಪಂಚನಾಮೆಗೆ ಓದು ಬಲ್ಲ ಪಂಚರು ಬೇಕಿತ್ತು. ನೀವೊಬ್ರು, ಕಂಡಕ್ಟರ್ ಒಬ್ರು. ಏನು ಸಿಕ್ತು ಅಂತ ಬರೀತೀವಿ, ನೋಡಿ ಸಹಿ ಹಾಕಿ. ಅಷ್ಟೇ."

ನಾನು ಇದ್ದರೆ ಸುಳ್ಳು ಬರೆಯಲಾರರು ಅಂದುಕೊಂಡೆ. ಮಿಸ್ತ್ರಿಯೂ ಹಾಗೇ ಅಂದುಕೊಂಡ. ನನ್ನ ಕಡೆ ನೋಡಿ ಸ್ವಲ್ಪ ನಕ್ಕ ಕೂಡ.

ಬಸ್ಸಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಹೆಡ್ಡು ಬರೆದ. ಒಳಗೆ ಕೂತ ಜನ ಹೊತ್ತಾಯಿತು ಅಂತ ಕೂಗುತ್ತಿದ್ದರು, ಕಂಡಕ್ಟರು ಓದದೆಯೇ ಗೀಚಿ ಹತ್ತಿಕೊಂಡ. ನಾನು ಮಾತ್ರ ಓದಿದೆ. ಗೋಣಿಚೀಲ, ಕಪ್ಪಾದ ತಾಮ್ರದ ತಂತಿ, ಇಕ್ಕಳ ಒಂದು. ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ ಒಂದು ಸಾಲು: "ಸದರಿ ಮಾಲಿನ ಬಗ್ಗೆ ವಿಚಾರಿಸಲಾಗಿ ಆಸಾಮಿಯು ವಪ್ಪಿಕೊಂಡಿರುತ್ತಾನೆ."

ನನ್ನ ಕಣ್ಣಿಗೆ ಬಿದ್ದಿದ್ದು ಆ 'ವ'. ಹದಿನಾಲ್ಕು ವರ್ಷ ಮಕ್ಕಳ ಪುಸ್ತಕದಲ್ಲಿ ಅದನ್ನೇ ತಿದ್ದಿದವನು ನಾನು. ವಂದು ಅಲ್ಲ ಒಂದು, ವಳ್ಳೆಯ ಅಲ್ಲ ಒಳ್ಳೆಯ. ಜೇಬಿನ ಪೆನ್ನು ತೆಗೆದು 'ವ'ದ ಮೇಲೆ ಗೀಟು ಎಳೆದು 'ಒ' ಬರೆದೆ. ತಿದ್ದಿದ ಕಡೆ ಚಿಕ್ಕ ಸಹಿ ಬೇಕು ಅಂದ ಹೆಡ್ಡು. ಅದನ್ನೂ ಹಾಕಿದೆ. ಏನನ್ನು ಒಪ್ಪಿಕೊಂಡ ಅಂತ ಸಾಲಿನಲ್ಲಿ ಇರಲಿಲ್ಲ. ಚೀಲ ತನ್ನದು ಅಂತ ಒಪ್ಪಿಕೊಂಡಿದ್ದಾನೆ, ಅದು ನಿಜವೇ ತಾನೆ ಅಂತ ನಾನು ಓದಿಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೂ ಯೋಚಿಸಲಿಲ್ಲ. ಕಾಗುಣಿತ ಸರಿಮಾಡಿದ ಸಮಾಧಾನದಲ್ಲಿ ಕೆಳಗೆ ಪೂರ್ಣ ಸಹಿ ಮಾಡಿದೆ.

ಮಿಸ್ತ್ರಿಯನ್ನು ಅಲ್ಲೇ ಉಳಿಸಿಕೊಂಡರು. ಸಂಜೆಯೊಳಗೆ ಬಿಡುತ್ತಾರೆ ಅಂತ ನಾನು ಅವನ ಹೆಂಡತಿಗೆ ಹೇಳಿದೆ. ಹದಿನೇಳು ದಿನ ಒಳಗಿದ್ದ.

ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ವಕೀಲರು ಧೈರ್ಯ ಹೇಳಿದರು. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಕೇಸು ಬಿದ್ದು ಹೋಗುತ್ತದೆ ಅಂದರು. ಆದರೆ ಕೋರ್ಟು ಕಾಯಿಸುತ್ತದೆ, ನೌಕರಿಯ ಪಟ್ಟಿ ಕಾಯುವುದಿಲ್ಲ.

ನಡತೆ ವಿಚಾರಿಸಲು ಒಬ್ಬ ಅಧಿಕಾರಿ ಬಂದ. ಬಂದದ್ದು ನನ್ನ ಶಾಲೆಗೆ. ಸಭ್ಯ ಮನುಷ್ಯ, ಚಹಾ ತರಿಸಿದರೆ ಥ್ಯಾಂಕ್ಸ್ ಅಂದ. ಹಿಂದಿನ ದಿನವೇ ಮಿಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದಳು: "ಭೈಯಾ, ನಿಮ್ಮ ಮಾತಿನ ಮ್ಯಾಲ ಅದ. ಹ್ಞೂಂ ಅಂದದ್ದು ಹೌದು ಅಂತಲ್ಲ ಅಂತ ಒಂದ್ ಮಾತು ಹೇಳ್ರಿ, ಸಾಕು." ಹೇಳುತ್ತೇನೆ ಅಂದಿದ್ದೆ. ರಾತ್ರಿಯಿಡೀ ಮಾತು ಜೋಡಿಸಿಕೊಂಡಿದ್ದೆ.

ಅಧಿಕಾರಿ ಪಂಚನಾಮೆಯ ನಕಲು ಮುಂದಿಟ್ಟ. "ಸಹಿ ನಿಮ್ಮದಾ?"

"ಹೌದ್ರಿ."

"ಓದಿ ಮಾಡಿದ್ದಾ? ಒತ್ತಾಯ ಏನಾದ್ರೂ?"

"ಇಲ್ರಿ. ಓದಿದ್ದೆ. ಆದ್ರ ಆ ಮನುಷ್ಯ ಒಪ್ಪಿಕೊಂಡಿಲ್ರಿ. ಹ್ಞೂಂ ಅಂದ ಅಷ್ಟ."

ಅವನು ಕಾಗದದ ಮೇಲೆ ಬೆರಳಿಟ್ಟ. "ಮಾಸ್ತರ, ಒಪ್ಪಿಕೊಂಡಿರುತ್ತಾನೆ ಅನ್ನೋದನ್ನ ತಿದ್ದಿದವ್ರು ನೀವು. ಅಕ್ಷರ ತಿದ್ದಿದ್ರಿ. ಅರ್ಥ ತಪ್ಪಿದ್ರೆ ಅದನ್ನೂ ತಿದ್ದಬಹುದಿತ್ತಲ್ಲ? ಈಗ ನಿಮ್ಮ ಸಹಿ ಸುಳ್ಳು ಅಂತ ಬರಕೊಡ್ತೀರಾ? ಬರಕೊಟ್ರೆ ನಿಮ್ಮ ಇಲಾಖೆಗೂ ತಿಳಿಸಬೇಕಾಗ್ತದೆ."

ಹೆದರಿಸುವ ದನಿ ಅಲ್ಲ ಅದು. ಇದ್ದದ್ದನ್ನು ಹೇಳಿದ, ಅಷ್ಟೇ. ಹೆಡ್ಮಾಸ್ತರರು ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ನನಗೂ ಹೆಂಡತಿ ಮಕ್ಕಳು ನೆನಪಾದರು. ಎಲ್ಲರಿಗೂ ಆ ಹೊತ್ತಿನಲ್ಲಿ ಹೆಂಡತಿ ಮಕ್ಕಳೇ ನೆನಪಾಗುತ್ತಾರೆ. ನಾನು ಹೆದರಿದೆ. ಬೇರೆ ಏನೂ ಕಾರಣ ಇಲ್ಲ.

"ಇಲ್ರಿ," ಅಂದೆ. "ಸಹಿ ನಂದ. ಬರದದ್ದು ಬರದದ್ದ."

ಅವನು ಚಹಾ ಮುಗಿಸಿ ಎದ್ದ.

ಆರ್ಡರು ಬರಲಿಲ್ಲ. ಪಟ್ಟಿಯಲ್ಲಿ ಅವನ ಕೆಳಗಿದ್ದವನಿಗೆ ಹೋಯಿತು. ನಾನು ವಿಚಾರಣೆಯಲ್ಲಿ ಏನು ಹೇಳಿದೆ ಅಂತ ಮಿಸ್ತ್ರಿ ಕೇಳಲಿಲ್ಲ. ಅವನ ಹೆಂಡತಿ ಕೇಳಿದಳು. "ಎಲ್ಲಾ ಹೇಳೀನಿ ತಂಗಿ, ಅವ್ರು ಕೇಳಲಿಲ್ಲ" ಅಂದೆ. ನಾನು ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಅಷ್ಟೇ ಸಲೀಸಾಗಿ ಸ್ವಲ್ಪ ಮುಂಚೆ, ಶಾಲೆಯಲ್ಲಿ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಅಲ್ಲಿ ಹೇಳಬೇಕಿದ್ದದ್ದು ಸುಳ್ಳೂ ಆಗಿರಲಿಲ್ಲ.

ರೈತರು ನಿಧಾನಕ್ಕೆ ಮೋಟಾರು ತರುವುದನ್ನು ಬಿಟ್ಟರು. ಅವನು ಕಳ್ಳ ಅಂತ ಯಾರೂ ನಂಬಿರಲಿಲ್ಲ. ಆದರೂ ಕೋರ್ಟಿನಲ್ಲಿ ಸಾಕ್ಷಿಗೆ ಕರೆದಾರು ಅಂತ ಅಂಜಿಕೆ. ಸುಟ್ಟ ತಂತಿ ನಾವೇ ಕೊಟ್ಟದ್ದು ಅಂತ ಹೇಳಲು ಗೂಗಲ್ಲಿನ ಆ ಮೂರು ಮೋಟಾರಿನ ರೈತರಲ್ಲಿ ಒಬ್ಬರೂ ಬರಲಿಲ್ಲ. ನಾನು ಅವರನ್ನು ಬಹಳ ಬೈದೆ. ಬೈಯಲು ಬೇರೆಯವರು ಸಿಕ್ಕಾಗ ಎಷ್ಟು ಹಗುರ ಆಗುತ್ತದೆ. ಮಿಸ್ತ್ರಿ ಮುಂದಿನ ಕೋಣೆ ಖಾಲಿ ಮಾಡಿ, ರಾಯಚೂರಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಫ್ಯಾನು ಸುತ್ತುವ ದಿನಗೂಲಿಗೆ ಸೇರಿಕೊಂಡ.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆದ ಮೇಲೆ ಕೇಸು ಬಿದ್ದು ಹೋಯಿತು. ವಕೀಲರು ಹೇಳಿದ ಹಾಗೆಯೇ ಆಯಿತು. ತೀರ್ಪಿನ ದಿನ ನಾನು ರಾಯಚೂರಿಗೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಅವನ ತಲೆ ಅರ್ಧ ನರೆತಿತ್ತು. ನನ್ನನ್ನು ನೋಡಿ ಬರ್ರಿ ಮಾಸ್ತರ್ ಸಾಬ್ ಅಂದ, ಹೋಟೆಲ್ಲಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದ. ಆಮೇಲೆ ತೀರ್ಪಿನ ನಕಲು ನನ್ನ ಕೈಗೆ ಕೊಟ್ಟ. ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಮುಗಿದ ಮೇಲೆ ಕಾಗದವನ್ನು ವಾಪಸ್ಸು ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿದ.

"ಈಗ ಇದನ್ನ ಒಯ್ದು ತೋರಿಸಿದ್ರ ಆ ನೌಕರಿ ಕೊಡ್ತಾರೇನ್ರಿ?"

ವಯಸ್ಸಿನ ಮಿತಿ ಮುಗಿದು ವರ್ಷಗಳಾಗಿದ್ದವು. ಅವನ ಅರ್ಜಿಯಲ್ಲಿ ಹುಟ್ಟಿದ ತಾರೀಖು ಬರೆದವನು ನಾನು. ಏನಾದರೂ ಆಸೆಯ ಮಾತು ಹೇಳಬೇಕು ಅನ್ನಿಸಿತು. ಕಾಗದ ಮಡಿಸಿ ಅವನ ಮುಂದಿಟ್ಟೆ.

"ಇಲ್ಲ ಮಿಸ್ತ್ರಿ. ಕೊಡಂಗಿಲ್ಲ."

"ನನಗ ಗೊತ್ತಿತ್ರಿ," ಅಂದ. "ನಿಮ್ಮ ಬಾಯಿಲೆ ಹೇಳಸ್ಬೇಕಂತ ಕೇಳಿದೆ."