ಮೋತಿಬಿ ಬಿಚ್ಚಿದ ಗಾದಿ

"ಅಮ್ಮಾ, ಮೋತಿಬಿ ಅಜ್ಜಿ ತಾ ಮಾಡಿದ ಗಾದಿ ತಾನಽ ಯಾಕ ಹರದ್ಲು?"

ಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಕೂದಲ ತುಂಬ ಅರಳೆ ಅಂಟಿಸಿಕೊಂಡ ಪುಟ್ಟ ಭಾರ್ಗವಿ ಕೇಳಿದಳು. ಅರಳೆಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ ಅವಳ ತಾಯಿ ಗೌತಮಿ, "ಹರದ್ಲು ಅನಬಾರದು, ಹರದ್ರು ಅನಬೇಕು. ಮತ್ತ ಅವರು ಹರದಿಲ್ಲ, ಹೊಲಿಗಿ ಬಿಚ್ಯಾರ" ಎಂದಳು.

"ಯಾಕ ಬಿಚ್ಯಾರ?"

ಅದಕ್ಕೆ ಒಂದು ಮಾತಿನ ಉತ್ತರವಿರಲಿಲ್ಲ. ಮೋತಿಬಿ ಎಂಥವರು ಎನ್ನುವುದರಿಂದಲೇ ಶುರು ಮಾಡಬೇಕಿತ್ತು.

ಬೆಟಗೇರಿಯಲ್ಲಿ ನೇಕಾರರ ಓಣಿ ದಾಟಿದರೆ ಮೋತಿಬಿಯ ಗಾದಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಅರಳೆ ಹಿಂಜುವ ಯಂತ್ರ. ಯಂತ್ರ ಅವರ ಗಂಡ ಮಲಂಗಸಾಬರದು, ಮಿಕ್ಕಿದ್ದೆಲ್ಲ ಮೋತಿಬಿಯದು. ಯಂತ್ರದ ಸದ್ದಿನಲ್ಲೇ ಆಯುಷ್ಯ ಕಳೆದ ಮಲಂಗಸಾಬರಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. "ಹಂಗಾಗಿನಽ ನಮ್ಮ ಸಂಸಾರ ಸುಖದಾಗೈತಿ" ಎಂದು ಮೋತಿಬಿ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ಮಲಂಗಸಾಬರು ಅದನ್ನು ಕೇಳಿಸಿಕೊಳ್ಳದೆಯೇ ತಲೆ ಆಡಿಸುತ್ತಾರೆ.

ಮೋತಿಬಿ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಅಪ್ಪ ದಸ್ತಗೀರಸಾಬರು ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದರು. ಅವರ ಬೆನ್ನಿಗೆ ಈ ಮಗಳು. ಅಪ್ಪ ಯಾರದೋ ಮನೆಯ ಕಟ್ಟೆಯ ಮೇಲೆ ಅರಳೆ ಹಿಂಜುತ್ತಿದ್ದರೆ, ಮಗಳು ಮಧ್ಯಾಹ್ನದ ಹೊತ್ತು ಕಟ್ಟೆಗಳ ಮೇಲೆ ಮಲಗಿದವರನ್ನು ನೋಡುತ್ತಾ ಕೂರುತ್ತಿದ್ದಳು. ಯಾರು ಮುದುಡಿ ಮಲಗುತ್ತಾರೆ, ಯಾರು ಕೈಯನ್ನೇ ತಲೆದಿಂಬು ಮಾಡಿಕೊಳ್ಳುತ್ತಾರೆ, ಯಾರು ಎದ್ದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಉಳಿದ ಮಕ್ಕಳು ಗೋಲಿ ಆಡುವ ಹೊತ್ತಿನಲ್ಲಿ ಮೋತಿಬಿಗೆ ಅದೇ ಆಟ.

ಆ ಆಟವೇ ಮುಂದೆ ಅಂಗಡಿಯ ಪದ್ಧತಿಯಾಯಿತು. ಗಾದಿ ಕೊಳ್ಳಲು ಬಂದವರು ಎಲ್ಲರೂ ಮಾಡುವುದು ಒಂದೇ: ಅಂಗೈಯಿಂದ ಒತ್ತಿ ನೋಡುತ್ತಾರೆ. ಮೋತಿಬಿ ಆಗ ಬಿಡುವವರಲ್ಲ.

"ಒತ್ತಿ ನೋಡಾಕ ಅದೇನ ಪಪ್ಪಾಯಿ ಹಣ್ಣೇನ್ರಿ? ಚಪ್ಲಿ ಬಿಡ್ರಿ, ಮಲಕೊಳ್ರಿ."

ಅಂಗಡಿಯ ಮೂಲೆಯಲ್ಲಿ ಹಲಗೆಯ ಮೇಲೆ ಒಂದು ಗಾದಿ ಯಾವಾಗಲೂ ಹಾಸಿಯೇ ಇರುತ್ತದೆ. ಬ್ಯಾಂಕಿನ ಸಾಹೇಬರಿರಲಿ, ಮಾರ್ಕೆಟ್ಟಿನ ಹಮಾಲರಿರಲಿ, ಮಗಳ ಮದುವೆಗೆ ಗಾದಿ ಕೊಡಿಸಲು ಬಂದ ತಂದೆಯಿರಲಿ, ಮಲಗಲೇಬೇಕು. ಮಲಗಿದವರ ಸೊಂಟದ ಕೆಳಗೆ ಕೈ ತೂರಿಸಿ ನೋಡುವುದು ಪರೀಕ್ಷೆ. ಗಂಡಸರಾದರೆ ಮಲಂಗಸಾಬರ ಕೈ, ಹೆಂಗಸರಾದರೆ ಪರದೆ ಎಳೆದು ಮೋತಿಬಿಯ ಕೈ. ಕೈ ಸಲೀಸಾಗಿ ಆಚೆ ಬದಿಗೆ ಹೊರಟರೆ ಗಾದಿ ಆ ಮೈಗೆ ಬಿರುಸು, ಬೆನ್ನಿಗೆ ಆಸರೆಯಿಲ್ಲ. ಕೈ ತೂರಲೇ ಆಗದಿದ್ದರೆ ತೀರಾ ಮೆತ್ತಗೆ, ಮೈ ಕುಸಿದಿದೆ. ಕೈ ಹೋಗಬೇಕು, ಆದರೆ ಇಕ್ಕಟ್ಟಾಗಿ ಹೋಗಬೇಕು. ಒಬ್ಬರಿಗೆ ಸರಿಹೋದ ಗಾದಿ ಇನ್ನೊಬ್ಬರಿಗೆ ಸರಿಹೋಗಬೇಕೆಂದೇನೂ ಇಲ್ಲ. ಮಗ್ಗುಲಾಗಿ ಮಲಗುವವರಿಗೆ ಭುಜವೂ, ತೊಡೆಯ ಮೇಲಿನ ಟೊಂಕದ ಎಲುಬೂ ತುಸು ಒಳಗಿಳಿಯಬೇಕು, ಅಂಗಾತ ಮಲಗುವವರಿಗೆ ಅಷ್ಟು ಬೇಡ.

ತಮ್ಮ ಅರಳೆಯೇ ಶ್ರೇಷ್ಠ ಎನ್ನುವ ಹಟವೂ ಅವರಿಗಿಲ್ಲ. ಬಸ್ ಡ್ರೈವರ್ ಅಯ್ಯೂಬ ಬಂದಾಗ, "ನಿನ್ನ ಮನ್ಯಾಗ ಗಾದಿ ಬಿಸಲಿಗೆ ಹಾಕವರು ಯಾರದಾರಪಾ?" ಎಂದು ಕೇಳಿದರು. ಆತ ತಲೆ ಕೆರೆದುಕೊಂಡ. "ಬಿಸಲ ಕಾಣದ ಅರಳಿ ಗಂಟು ಗಂಟಾಗತೈತಿ. ನೀ ಗದಗಿಗೆ ಹೋಗು, ಗಟ್ಟಿ ಫೋಮಿಂದು ತೊಗೊ. ಮಲಗಿ ನೋಡಿ ತೊಗೊ, ಚಂದ ಬಟ್ಟಿ ನೋಡಿ ತೊಗೊಬ್ಯಾಡ" ಎಂದು ಕಳಿಸಿಬಿಟ್ಟರು. ಬಂದ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ಗೌತಮಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಇಂಥ ಮೋತಿಬಿ ತಮ್ಮ ಪದ್ಧತಿಯನ್ನು ಮುರಿದದ್ದು ಗೌತಮಿಯ ಅತ್ತೆಯ ಸಲುವಾಗಿ.

ಅತ್ತೆ ಕಮಲಾಬಾಯಿ ಬೆಟಗೇರಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು, ಓಣಿಗೆಲ್ಲ 'ಅಕ್ಕೋರು'. ಮೋತಿಬಿಯ ಒಬ್ಬಳೇ ಮಗಳು ಗುಲ್ನಾಜ ಅವರ ಕೈಯಲ್ಲೇ ಓದಿದವಳು. ಹುಡುಗಿ ಓದಿದ್ದು ಇನ್ನು ಸಾಕು, ಅಂಗಡಿಯಲ್ಲಿ ಗಾದಿಗೆ ಹೊದಿಸುವ ಗಲೀಫು ಹೊಲಿಯಲಿ ಎಂದು ಶಾಲೆ ಬಿಡಿಸಿದಾಗ, ಕಮಲಾಬಾಯಿ ಸಂಜೆ ಮನೆಗೇ ಬಂದು ಮಲಂಗಸಾಬರ ಕಿವಿಯ ಹತ್ತಿರ ಕೂಗಿ ಕೂಗಿ ಒಪ್ಪಿಸಿದ್ದರು. ಆ ಗುಲ್ನಾಜ ಈಗ ಲಕ್ಷ್ಮೇಶ್ವರದಲ್ಲಿ ನರ್ಸ್. ಕೊಟ್ಟ ಮನೆಯೂ ಅಲ್ಲಿಯೇ.

ಹೋದ ವರ್ಷ ಕಮಲಾಬಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಆದರೆ ಎಡ ಟೊಂಕದ ನೋವು ಕೂತುಬಿಟ್ಟಿತು. ಬೆನ್ನಿಗೆ ಆಸರೆ ಕೊಡುವ ಒಳ್ಳೆಯ ಹಾಸಿಗೆ ಮಾಡಿಸಿ, ನಿದ್ದೆ ಬಂದರೆ ಅರ್ಧ ನೋವು ಹೋದಂತೆ ಎಂದರು ಡಾಕ್ಟರು. ಗೌತಮಿಯೂ ಅವಳ ಗಂಡ ಸಮೀರನೂ ದೊಡ್ಡ ಅಂಗಡಿಗೆ ಹೋಗಿ, ಎಲ್ಲರಂತೆ ಕೈಯಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಮೆತ್ತಗಿನದನ್ನು ತಂದರು. ಮೆತ್ತಗಿದ್ದಷ್ಟೂ ಸುಖ ಎಂದು ಅವರ ಲೆಕ್ಕ. ಕಮಲಾಬಾಯಿ ಮರುದಿನ ಅದರಿಂದ ಏಳಲಾರದೆ, "ಸಮೀರಾ, ಕೈ ಕೊಡಪಾ. ಎಮ್ಮಿ ಕೆಸರಾಗ ಸಿಕ್ಕಂಗ ಆಗೇದ" ಎಂದು ಕೂಗಿದರು. ಆ ಹಾಸಿಗೆ ಗಂಡ ಹೆಂಡತಿಯ ಕೋಣೆಗೆ ಹೋಯಿತು, ಮೋತಿಬಿಗೆ ಕರೆ ಹೋಯಿತು.

ಮನೆಗೆ ಬಂದ ಮೋತಿಬಿ, ಖುರ್ಚಿ ಕೊಟ್ಟರೂ ನೆಲದ ಮೇಲೆಯೇ ಕೂತರು. "ಅಕ್ಕೋರ ಮುಂದ ಖುರ್ಚಿ ಮ್ಯಾಲೆ ಹೆಂಗ ಕುಂಡ್ರೂದವಾ" ಎಂದರು. ಗೇಣಿನಿಂದ ಮಂಚ ಅಳೆದರು. ಮಲಗಿರಿ ಎಂದು ಮಾತ್ರ ಹೇಳಲಿಲ್ಲ. ಮಗಳಿಗೆ ಅಕ್ಷರ ಕೊಟ್ಟ ಅಕ್ಕೋರನ್ನು ತನ್ನೆದುರು ಮಲಗಿಸಿ ಸೊಂಟದ ಕೆಳಗೆ ಕೈ ಹಾಕುವುದು ಅವರಿಂದ ಆಗಲಿಲ್ಲ. ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದ ಕಮಲಾಬಾಯಿಯನ್ನು ಒಮ್ಮೆ ನೋಡಿ, "ಇವರ ಬೆನ್ನ ನಾ ಗುಲ್ನಾಜ ಸಾಲಿಗೆ ಹೋದಾಗಿಂದ ನೋಡೇನಿ, ಕೋಲ ನಿಂದ್ರಿಸಿದಂಗ. ಗಟ್ಟಿ ಗಾದಿನಽ ಬೇಕು" ಎಂದು ತಾವೇ ತೀರ್ಮಾನಿಸಿದರು.

ಗಾದಿ ಬಂತು. ಕೆಂಪು ಪಟ್ಟೆಯ ಬಟ್ಟೆ, ಅಂಚು ಅಂಚಿಗೂ ಒತ್ತಾದ ಹೊಲಿಗೆ, ಎಲ್ಲಿಯೂ ಉಬ್ಬಿಲ್ಲ, ತಗ್ಗಿಲ್ಲ. ಕಮಲಾಬಾಯಿ ಅದರ ಮೇಲೆ ಕೂತು, "ಭಾಳ ಛಲೋ ಆಗೇದ ಮೋತಿಬಿ" ಎಂದರು. ಮೋತಿಬಿಯ ಮುಖ ನೋಡಬೇಕಿತ್ತು.

ಆಮೇಲೆ ಗೌತಮಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಮುಂಜಾನೆ ಅತ್ತೆಯ ಹಾಸಿಗೆಯ ಮೇಲಿನ ಚಾದರದಲ್ಲಿ ಒಂದೂ ಸುಕ್ಕಿರುತ್ತಿರಲಿಲ್ಲ. ಮೊದಲಿನಿಂದಲೂ ಶಿಸ್ತಿನವರು, ಎದ್ದ ಕೂಡಲೇ ಸರಿಪಡಿಸುತ್ತಾರೆ ಎಂದುಕೊಂಡಳು. ಆದರೆ ಅತ್ತೆಯ ಕಣ್ಣುಗಳು ಒಳಗಿಳಿಯುತ್ತ ಬಂದವು. ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕಿದರು. ಪೂಜೆಗೆ ಕೂತವರು ಹೂವಿನ ಬುಟ್ಟಿ ಹಿಡಿದುಕೊಂಡೇ ತೂಕಡಿಸಿದರು. ನೋವಿನ ಗುಳಿಗೆಯ ಅಮಲು ಎಂದುಕೊಂಡಳು ಗೌತಮಿ.

ಒಂದು ದಿನ ಮುಂಜಾನೆ ಮೋತಿಬಿ, ಉಳಿದ ಅರಳೆಯಲ್ಲಿ ಭಾರ್ಗವಿಗೆಂದು ಪುಟ್ಟ ತಲೆದಿಂಬು ಹೊಲಿದು ತಂದರು. ಹುಡುಗಿಯನ್ನು ಹತ್ತಿರ ಕರೆದು ಕೂದಲು ಸವರುತ್ತ, "ನಿಮ್ಮ ಅಜ್ಜಿಗೆ ಈಗ ನಿದ್ದಿ ಚಲೋ ಬರತೈತೇನವಾ?" ಎಂದರು.

"ಬರತದ. ಖುರ್ಚ್ಯಾಗ."

"ಖುರ್ಚ್ಯಾಗ? ಮತ್ತ ಗಾದಿ ಮ್ಯಾಲೆ?"

"ಗಾದಿ ಮ್ಯಾಲೆ ನನ್ನ ಗೊಂಬಿ ಮಲಗತದ."

ಕಮಲಾಬಾಯಿ ಗಡಿಬಿಡಿಯಿಂದ, "ಅದಕ್ಕೇನ ತಿಳಿತದ ಮೋತಿಬಿ, ಸಣ್ಣ ಹುಡುಗಿ" ಎಂದರು. ಗೌತಮಿಗೆ ಆ ಸುಕ್ಕಿಲ್ಲದ ಚಾದರದ ಅರ್ಥ ಆಗ ಹೊಳೆಯಿತು.

ಮೋತಿಬಿ ಕಮಲಾಬಾಯಿಯ ಕಡೆ ತಿರುಗಿದರು. "ಅಕ್ಕೋರ, ಸಾಲ್ಯಾಗ ಹುಡುಗೂರು ಸುಳ್ಳ ಹೇಳಿದ್ರ ಏನ ಮಾಡತಿದ್ರಿ?"

"ಬೆಂಚಿನ ಮ್ಯಾಲೆ ನಿಂದರಸ್ತಿದ್ದೆ."

"ನಾ ನಿಮ್ಮನ್ನ ಮಲಗಸ್ತೀನಿ. ನಡೀರಿ."

ಕಮಲಾಬಾಯಿ ಎದ್ದು ಹೋಗಿ ಮಲಗಿದರು. ಮೋತಿಬಿ ಸೊಂಟದ ಕೆಳಗೆ ಕೈ ತೂರಿಸಿದರು. ಕೈ ಬಾಗಿಲು ತೆರೆದಿಟ್ಟ ಮನೆಗೆ ಹೊಕ್ಕಂತೆ ಆಚೆಗೆ ಹೊರಟಿತು. ಎಡಕ್ಕೆ ತಿರುಗಿ ಎಂದರು. ತಿರುಗುವಾಗ ಕಮಲಾಬಾಯಿ ತುಟಿ ಕಚ್ಚಿದ್ದು ಎಲ್ಲರಿಗೂ ಕಾಣಿಸಿತು.

"ಇದು ನನ್ನ ತಪ್ಪು" ಎಂದರು ಮೋತಿಬಿ. "ಊರಿಗೆಲ್ಲಾ ಮಲಗ್ರಿ ಅಂತೀನಿ, ನಿಮಗ ಅನ್ನಾಕ ನನಗ ಬಾಯಿ ಬರಲಿಲ್ಲ."

"ನೀ ಅಷ್ಟ ಮನಸಿಟ್ಟು ಮಾಡಿದ್ದಿ. ಸರಿಯಾಗಿಲ್ಲ ಅನ್ನಲಿಕ್ಕೆ ನನಗೂ ಬಾಯಿ ಬರಲಿಲ್ಲ."

"ನಮ್ಮಿಬ್ಬರ ಮರ್ಯಾದಿ ನಡುವ ಪಾಪ ನಿಮ್ಮ ಟೊಂಕ ಸಿಕ್ಕೊಂಡು ಬಿಡ್ತು ನೋಡ್ರಿ" ಎಂದರು ಮೋತಿಬಿ. ಕಮಲಾಬಾಯಿಗೆ ನೋವಿನಲ್ಲೂ ನಗು ಬಂತು. ಮೋತಿಬಿ ಸೆರಗು ಸಿಕ್ಕಿಸಿಕೊಂಡು, "ಗೌತಮಿ, ಕತ್ತರಿ ತಾರವಾ" ಎಂದರು.

ಗಾದಿ ಮಾಳಿಗೆಗೆ ಹೋಯಿತು. ಒಂದು ಬದಿಯ ಹೊಲಿಗೆ ಪೂರಾ ಬಿಚ್ಚಿ, ಬಿಗಿಯಾಗಿ ತುಂಬಿದ್ದ ಅರಳೆಯನ್ನೆಲ್ಲ ಹೊರಗೆಳೆದು ಬಿಸಿಲಿಗೆ ಹರವಿದರು. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದಾಕೆ ಇಣುಕಿ, "ಏನ್ರಿ ಮೋತಿಬಿ, ಹೊಸಾ ಗಾದಿ ಯಾಕ ಬಿಚ್ಚಾಕ ಹತ್ತೀರಿ?" ಎಂದು ಕೇಳಿದಳು.

"ನಾ ಕೆಡಿಸಿದ್ದೆವಾ. ನಾನಽ ಸುಧಾರಿಸಾಕ ಹತ್ತೀನಿ."

ಓಣಿಗೆಲ್ಲ ಕೇಳುವ ಹಾಗೆ ಹೇಳಿದರು. ಮಂಚ ಸರಿಯಿಲ್ಲ, ಅರಳೆ ಸರಿಯಿಲ್ಲ, ಅಕ್ಕೋರ ವಯಸ್ಸು ಸರಿಯಿಲ್ಲ ಎಂದು ಏನು ಬೇಕಾದರೂ ಹೇಳಬಹುದಿತ್ತು. ಮೋತಿಬಿಯ ಮೇಲೆ ಗೌತಮಿಗೆ ಮೊದಲೂ ಅಭಿಮಾನವಿತ್ತು. ಆ ಒಂದು ಮಾತಿನಿಂದ ಅದು ಬೇರೆಯೇ ಆಯಿತು. ಮಗಳು ಆ ಪ್ರಶ್ನೆ ಕೇಳಿದ್ದೂ ಆಗಲೇ. ಗೌತಮಿ ಬಹಳ ಯೋಚಿಸಿ, "ಅಜ್ಜಿಗೆ ನಿದ್ದಿ ಬರಲಿ ಅಂತ" ಎಂದಳು. ಭಾರ್ಗವಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೆಲಸ ಶುರುವಾಯಿತು. ಬಿಸಿಲು ತಿಂದ ಅರಳೆ ಬೆರಳಿಗೆ ಹಗುರಾಗಿ ಬಿಡಿಸಿಕೊಳ್ಳುತ್ತಿತ್ತು. ಕೆಳಗೆ ಗಟ್ಟಿ ಪದರು, ಅದರ ಮೇಲೆ ಸಡಿಲ ಪದರು. ಸೊಂಟ ಬರುವಲ್ಲಿ ಒಂದು ಹಿಡಿ ಹೆಚ್ಚು, ಟೊಂಕ ಇಳಿಯುವಲ್ಲಿ ಒಂದು ಹಿಡಿ ಕಡಿಮೆ. ಹಾಸಿದಾಗೊಮ್ಮೆ ಕಮಲಾಬಾಯಿ ಮಲಗುವುದು, ಮೋತಿಬಿ ಕೈ ತೂರಿಸುವುದು, ಮತ್ತೆ ಎಬ್ಬಿಸಿ ಅರಳೆ ತೆಗೆಯುವುದು, ಹಾಕುವುದು.

"ಸಾಕ ಮೋತಿಬಿ, ಈಗ ಛಲೋ ಆಗೇದ."

"ನಿಮ್ಮ ಛಲೋ ನನಗ ಗೊತ್ತೈತಿ ಅಕ್ಕೋರ. ಸುಮ್ಮ ಮಲಗ್ರಿ."

ಕೊನೆಗೆ ಬದಿಯ ಹೊಲಿಗೆ ಹಾಕಿದರು. ಅರಳೆ ಸರಿಯದಂತೆ ನಡುನಡುವೆ ಹಾಕುವ ಟಾಕಾ ಮಾತ್ರ ಉಳಿದಿತ್ತು. ಅದಕ್ಕೂ ಮೊದಲು ಇನ್ನೊಮ್ಮೆ ಮಲಗಿಸಿದರು. ಕೈ ಹೋಯಿತು, ಇಕ್ಕಟ್ಟಾಗಿ ಹೋಯಿತು. ಎಡಕ್ಕೆ ತಿರುಗಿ ಎಂದರು. ಕಮಲಾಬಾಯಿ ತಿರುಗಿದರು. ತುಟಿ ಕಚ್ಚಲಿಲ್ಲ. ಮೋತಿಬಿ ಉದ್ದ ಸೂಜಿಗೆ ದಾರ ಪೋಣಿಸಿ, "ಏಳ್ರಿ ಅಕ್ಕೋರ, ಟಾಕಾ ಹಾಕಿಬಿಡತೀನಿ" ಎಂದರು.

ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಕಮಲಾಬಾಯಿಯ ಬಾಯಿ ತುಸು ತೆರೆದಿತ್ತು, ಸಣ್ಣಗೆ ಗೊರಕೆ ಶುರುವಾಗಿತ್ತು. ಗೌತಮಿ ಎಬ್ಬಿಸಲು ಹೋದಳು. ಮೋತಿಬಿ ಸೂಜಿ ಹಿಡಿದ ಕೈಯಿಂದಲೇ ತಡೆದರು.

"ಬಿಡು. ಏಳಲಿ, ಆಮ್ಯಾಲೆ ಹಾಕಿದ್ರಾತು."

ಗೋಡೆಗೆ ಒರಗಿ ಕೂತರು. ಭಾರ್ಗವಿ ಹೊಸ ತಲೆದಿಂಬು ತಂದು ಅಜ್ಜಿಯ ಪಕ್ಕದಲ್ಲಿ ತಾನೂ ಉರುಳಿದಳು. ಮೋತಿಬಿಯ ಫೋನು ನಡುಗಿತು. ಮಲಂಗಸಾಬರದು. ಮೋತಿಬಿ ಅದನ್ನು ಬಂದ್ ಮಾಡಿ, "ಆತಗ ಕೇಳಸಬೇಕಂದ್ರ ನಾ ಒದರಬೇಕು. ಅಕ್ಕೋರು ಎದ್ದಬಿಡತಾರ" ಎಂದು ಪಿಸುಗುಟ್ಟಿದರು.

ಗೌತಮಿ ಚಹಾ ತಂದುಕೊಟ್ಟಳು. ಮೋತಿಬಿ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದರು. ಕಣ್ಣು ಮಾತ್ರ ಮಲಗಿದವರ ಮೇಲೆಯೇ ಇತ್ತು. ಆಮೇಲೆ ಬಸಿ ಕೆಳಗಿಟ್ಟು, ದನಿ ಇನ್ನೂ ಇಳಿಸಿದರು.

"ಗೌತಮಿ, ನಿನ್ನ ತವರುಮನಿ ಲಕ್ಷ್ಮೇಶ್ವರ ಹೌದಲ್ಲೊ? ಯಾವಾಗ ಹೋಗಾಕಿ?"

"ಬರೂ ಐತವಾರ ಹೋಗಬೇಕಂತ ಮಾಡೇನ್ರಿ ಚಾಚಿ."

"ನನ್ನದೊಂದ ಕೆಲಸ ಮಾಡಬೇಕವಾ. ಗುಲ್ನಾಜ ಬಸರದಾಳ, ದಿನಾ ತುಂಬಾಕ ಬಂದಾವು. ಲಗ್ನದಾಗ ಆಕಿಗೆ ಗಾದಿ ಮಾಡಿ ಕೊಟ್ಟಾಕಿ ನಾನಽ. ಫೋನ್ ಹಚ್ಚಿದಾಗೆಲ್ಲಾ ಕೇಳತೀನಿ, ಗಾದಿ ಹೆಂಗೈತವಾ ಅಂತ. ಭಾಳ ಚಲೋ ಐತಿ ಅಮ್ಮಾ, ಅಂತಾಳ." ಮೋತಿಬಿ ಮಲಗಿದ್ದ ಕಮಲಾಬಾಯಿಯ ಕಡೆ ಗದ್ದ ಎತ್ತಿ ತೋರಿಸಿದರು. "ಇವರ ಕಡೆನಽ ಕಲತಾಕಿ ಆಕಿ."

"ನೀವಽ ಹೋಗಿ ನೋಡಬಹುದಲ್ರಿ?"

"ಬೀಗರ ಮನ್ಯಾಗ ನಾ ಗಾದಿ ಮುಟ್ಟಿ ನೋಡಾಕ ಬರತೈತೇನು? ಕೊಟ್ಟಿದ್ದನ್ನ ಪರೀಕ್ಷೆ ಮಾಡಾಕ ಬಂದ್ಲು ಅಂತಾರ. ನೀ ಹೋಗು. ಆಕಿನ್ನ ಏನೂ ಕೇಳಬ್ಯಾಡ, ಕೇಳಿದ್ರ ಅದನ್ನಽ ಹೇಳತಾಳ. ಬಸ್ಸಿನ್ಯಾಗ ದಣಿವಾಗೇತಿ ಅಂತ ಹೇಳಿ ಆ ಗಾದಿ ಮ್ಯಾಲೆ ಒಂದೀಟು ಮಲಗು. ಎಡಕ್ಕ ತಿರುಗಿ ಮಲಗು, ಹೊಟ್ಟಿ ಭಾರಾಗಿ ಆಕಿ ಈಗ ಎಡಕ್ಕಽ ಮಲಗತಿರಬೇಕು. ಬಂದು ನನಗ ಖರೆ ಹೇಳು." ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮೋತಿಬಿ ಸೇರಿಸಿದರು: "ನನ್ನ ಮಾರಿ ನೋಡಿ ಚಲೋ ಐತಿ ಅಂತ ಮಾತ್ರ ಹೇಳಬ್ಯಾಡವಾ."